ಹೊಸನಗರದ ಬೆಣ್ಣೆ ಬೀರು

ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಶಿವಮೊಗ್ಗದಲ್ಲಿ ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಫೆಬ್ರವರಿ ಮುಗಿಯುತ್ತ ಬಂದಿತ್ತು. ಬೆಳಿಗ್ಗೆ ಸ್ವೆಟರ್ ಬೇಕು, ಹತ್ತು ಗಂಟೆಗೆ ಅದನ್ನು ಎಲ್ಲಿಡುವುದೆಂದು ತಿಳಿಯದು. ದಾರಿ ಅರವತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಟಿಕೆಟ್ಟು ನೂರು ರೂಪಾಯಿಯ ಆಸುಪಾಸು. ಮಂಡಗದ್ದೆ ದಾಟುವಾಗ ಪಕ್ಕದ ಸೀಟಿನ ಹಿರಿಯರು, "ಯಾವ ಕಡೆಗೆ ಹೊಂಟ್ರಿ? ಎಂತ ಕೆಲ್ಸ?" ಎಂದು ಕೇಳಿದರು. ಬೀರು ಕುಡಿಯುವ ಕೆಲಸ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಂಬ್ಳನೂ ಕೊಡ್ತಾರಾ?" ಎಂದರು. ಕೊಡುತ್ತಾರೆ ಎಂದೆ. ಅವರು ಎದ್ದು ಹಿಂದಿನ ಸೀಟಿಗೆ ಹೋಗಿ ಕೂತರು.

ಹೇಳಿದ್ದು ಸುಳ್ಳಲ್ಲ. ಮೈಸೂರು ಕಡೆಯ ಒಂದು ಬೀರು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ರುಚಿ ನೋಡುವುದೇ ನನ್ನ ಉದ್ಯೋಗ. ಟ್ಯಾಂಕಿನಿಂದ ಬಾಟಲಿಗೆ ಹೋಗುವ ಮೊದಲು ಪ್ರತಿ ಬ್ಯಾಚನ್ನೂ ಮೂವರು ಮೂಸಿ, ಕುಡಿದು, ಮಾರ್ಕು ಕೊಟ್ಟು ಸಹಿ ಹಾಕಬೇಕು. ಮೊದಲ ಸಹಿ ನನ್ನದು. ಹೊರಗಿನವರು ಇದನ್ನು ನಾಲಿಗೆಯ ಕೆಲಸ ಅಂದುಕೊಳ್ಳುತ್ತಾರೆ. ನಾಲಿಗೆಗೆ ತಿಳಿಯುವುದು ಕಹಿ, ಸಿಹಿ, ಹುಳಿ, ಉಪ್ಪು, ಅಷ್ಟೇ. ಮಿಕ್ಕಿದ್ದೆಲ್ಲ ಮೂಗಿನ ಪಾಲು. ಆ ಮೂಗು ಕಳೆದ ಮಳೆಗಾಲದ ಒಂದು ಜ್ವರದಲ್ಲಿ ಹೋಯಿತು. ಒಲೆಯ ಮೇಲೆ ಹಾಲು ಸೀದು ಕರಕಲಾಗುತ್ತಿದ್ದರೂ ನಾನು ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದ ದಿನ ಹೆಂಡತಿಗೆ ಗೊತ್ತಾಯಿತು. ಬೇರೆ ಯಾರಿಗೂ ನಾನು ಹೇಳಲಿಲ್ಲ. ಬಂದರೂ ಬರಬಹುದು ಎಂದು ಡಾಕ್ಟರು ಹೇಳಿದ್ದನ್ನು ನೆಚ್ಚಿಕೊಂಡು ಏಳು ತಿಂಗಳು ಗ್ಲಾಸನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಹೂಂಗುಟ್ಟಿ ಸಹಿ ಹಾಕಿದ್ದೆ.

ಈ ಪ್ರವಾಸ ಕಂಪನಿಯ ಖರ್ಚಿನದು. ಮಲೆನಾಡಿಗೆಂದು ಎರಡು ಹೊಸ ಬೀರು ತಯಾರಾಗಿದ್ದವು. ಸೋಮವಾರ ಅವುಗಳಲ್ಲಿ ಒಂದನ್ನು ನಾನು ಆರಿಸಬೇಕಿತ್ತು. ಅದಕ್ಕೆ ಮುಂಚೆ ತೀರ್ಥಹಳ್ಳಿ, ಹೊಸನಗರ, ಸಾಗರ ಸುತ್ತಿ, ಅಲ್ಲಿಯವರಿಗೆ ಯಾವ ಬೀರು ಇಷ್ಟ, ಯಾಕೆ ಇಷ್ಟ ಎಂದು ಕೇಳಿ ಬಾ ಎಂದಿದ್ದರು. ನಾನು ಕುಣಿಯುತ್ತಲೇ ಒಪ್ಪಿದೆ. ನಾಲ್ಕು ಜನರ ಮಾತು ಕಲೆಹಾಕಿ, ಅದನ್ನೇ ನನ್ನ ಮೂಗು ಹೇಳಿದ್ದೆಂದು ಸೋಮವಾರ ದಾಟಿಸಿಬಿಡುವ ಹುನ್ನಾರ ನನ್ನದು. ಸಿಕ್ಕಿಬಿದ್ದರೆ ಇಪ್ಪತ್ತೆರಡು ವರ್ಷದ ಹೆಸರು ಮಣ್ಣುಪಾಲು, ಕೆಲಸ ಉಳಿಯುವುದೂ ಅನುಮಾನ.

ತೀರ್ಥಹಳ್ಳಿಯಲ್ಲಿ ಲಾಡ್ಜಿನ ಮಂಚದ ಮೇಲೆ ಚೀಲ ಎಸೆದು, ಕಡುಬು ತಿಂದು, ತುಂಗೆಯ ಸೇತುವೆ ಮೇಲೆ ಒಂದು ಸುತ್ತು ಹಾಕಿದೆ. ಹೊಳೆ ಇಳಿದು ಬಂಡೆಗಳು ಎದ್ದಿದ್ದವು. ಮಧ್ಯಾಹ್ನ ಪೇಟೆಯ ಬಾರೊಂದರಲ್ಲಿ ರಮೇಶ ಗೌಡರು ಸಿಕ್ಕರು. ಬ್ಯಾಂಕಿನಿಂದ ನಿವೃತ್ತರು, ವಾರಕ್ಕೆ ಒಂದೇ ಬಾಟಲಿ, ಜೊತೆಗೆ ಹುರಿದ ಬಂಗುಡೆ. ತಮ್ಮ ಇಷ್ಟದ ಬೀರು ಲೈಟ್ ಎಂದರು.

"ಸ್ಟ್ರಾಂಗ್ ಕುಡಿಯೋರು ಬೀರ್ ಕುಡಿಯೋರಲ್ಲ ಮಾರಾಯ್ರೆ, ಅವ್ರಿಗೆ ಅರ್ಜೆಂಟ್. ನಂಗೆ ಲೈಟೇ ಆಗ್ಬೇಕು. ಗ್ಲಾಸ್ ತೊಳ್ದು ಒಣಗಿರ್ಬೇಕು. ಎಣ್ಣೆ ಕೈಯಲ್ಲಿ ಮುಟ್ಟಿದ್ ಗ್ಲಾಸಾದ್ರೆ ನೊರೆ ನಿಲ್ಲಲ್ಲ. ನೊರೆ ಹೋಯ್ತು ಅಂದ್ರೆ ಪರಿಮಳನೂ ಹೋಯ್ತು."

ಪಕ್ಕದ ಮೇಜಿನಲ್ಲಿದ್ದ ಟಿಪ್ಪರ್ ಡ್ರೈವರ್ ಸುಮ್ಮನಿರಲಿಲ್ಲ. "ಬಿಸ್ಲಲ್ಲಿ ಜಲ್ಲಿ ಇಳಿಸಿ ಬಂದೋನಿಗೆ ಯಾವ್ ಬೀರ್ ಕೊಟ್ರೂ ಅಮೃತನೇ ಸಾರ್. ಬಾಯಾರಿಕೆಗಿಂತ ರುಚಿ ಇದ್ಯಾ?"

"ಅದು ನೀರಿಗೂ ಆಗುತ್ತೆ ಕಣೋ," ಎಂದರು ಗೌಡರು. ಇಬ್ಬರೂ ಅರ್ಧ ಗಂಟೆ ವಾದ ಮಾಡಿದರು. ನಾನು ಎರಡನ್ನೂ ಪುಸ್ತಕದಲ್ಲಿ ಬರೆದುಕೊಂಡೆ. ನನ್ನ ಕೆಲಸ ತಿಳಿದ ಮೇಲೆ ಗೌಡರು ತಮ್ಮ ಗ್ಲಾಸನ್ನೇ ನನ್ನ ಕಡೆ ತಳ್ಳಿ, "ನೀವು ಪಳಗಿದೋರು, ಇದ್ರಲ್ಲಿ ಎಂತ ಪರಿಮಳ ಇದೆ ಹೇಳಿ," ಎಂದರು. ಆ ಬೀರು ನನಗೆ ಹಳೆಯ ಪರಿಚಯ. "ಒಣಹುಲ್ಲು, ಬಿಸಿ ಬ್ರೆಡ್ಡಿನ ಅಂಚು, ಕೊನೆಗೆ ಒಂಚೂರು ನಿಂಬೆಸಿಪ್ಪೆ," ಎಂದು ನೆನಪಿನಿಂದ ಒಪ್ಪಿಸಿದೆ. ಗೌಡರು ಮೂಸಿ, "ಹೌದಲ್ಲ, ಇಷ್ಟು ದಿನ ಗೊತ್ತೇ ಇರ್ಲಿಲ್ಲ," ಎಂದು ಮಗುವಿನ ಹಾಗೆ ಖುಷಿಪಟ್ಟರು. ನನಗೂ ಆ ಗಳಿಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ರೂಮಿಗೆ ಬಂದ ಮೇಲೆ ಯಾಕೋ ಊಟ ಸೇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅರಳಸುರಳಿಯ ಮೇಲೆ ಹೋಗುವ ಬಸ್ಸು ಹಿಡಿದು ಹೊಸನಗರಕ್ಕೆ ಹೊರಟೆ. ನಲವತ್ತು ಕಿಲೋಮೀಟರ್ ಕೂಡ ಇಲ್ಲ, ಒಂದೂವರೆ ಗಂಟೆ ಹಿಡಿಯಿತು. ಕಂಡಕ್ಟರಿಗೆ ಪ್ರತಿ ಸ್ಟಾಪಿನಲ್ಲೂ ಒಬ್ಬರ ಯೋಗಕ್ಷೇಮ ವಿಚಾರಿಸುವುದಿತ್ತು. ಗದ್ದೆಗಳಲ್ಲಿ ಕುಯ್ಲು ಮುಗಿದು ಕೂಳೆ ಮಾತ್ರ ಉಳಿದಿತ್ತು.

ಬಸ್ ಸ್ಟ್ಯಾಂಡಿನ ಹಿಂದಿನ ಬಾರಿಗೆ ಹೋದಾಗ ಹನ್ನೆರಡು ಗಂಟೆ. ಐವತ್ತು ದಾಟಿದ ಸಪ್ಲೈಯರ್ ಗಣಪತಿ ಮೇಜು ಒರೆಸುತ್ತಿದ್ದ. ನನ್ನ ಹಿಂದೆಯೇ ಒಬ್ಬ ಬಂದು ಎದುರು ಕೂತ. ಪಂಪ್‌ಸೆಟ್ ರಿಪೇರಿಯ ನಾಗರಾಜ ಎಂದು ಆಮೇಲೆ ತಿಳಿಯಿತು; ಕೈಯ ಗ್ರೀಸು ಇನ್ನೂ ಹೋಗಿರಲಿಲ್ಲ.

"ಗಣಪಣ್ಣ, ಬೆಣ್ಣೆ ಬೀರ್ ಕೊಡು," ಎಂದ.

ಗಣಪತಿ ತಂದಿಟ್ಟಿದ್ದು ನಮ್ಮ ಕಾರ್ಖಾನೆಯ ಬಾಟಲಿ. ಆದರೂ ಏನೂ ತಿಳಿಯದವನ ಹಾಗೆ, ಇದ್ಯಾಕೆ ಬೆಣ್ಣೆ ಬೀರು ಎಂದು ಕೇಳಿದೆ.

"ದೀಪಾವಳಿ ಆದ್ಮೇಲೆ ಒಂದ್ ಲೋಡ್ ಬಂತು ಸಾರ್, ಬೆಣ್ಣೆ ಕಾಸಿದ್ ಹಂಗೆ ವಾಸ್ನೆ," ಎಂದ ಗಣಪತಿ. "ಸುಮಾರ್ ಜನ ಬೈದು ಅರ್ಧಕ್ಕೇ ಬಿಟ್ಟು ಎದ್ದೋದ್ರು. ಆ ಹೆಸ್ರು ಇಟ್ಟಿದ್ದೂ ಅವ್ರೇ. ಈ ಪುಣ್ಯಾತ್ಮಂಗೆ ಮಾತ್ರ ಅದೇ ಆಗ್ಬೇಕು. ಇವ್ನಿಗೆ ಅಂತ್ಲೇ ಎರಡ್ ಕ್ರೇಟ್ ಎತ್ತಿಟ್ಟಿದೀನಿ."

ನಾಗರಾಜ ನಾಚಿಕೊಳ್ಳಲಿಲ್ಲ. "ನಮ್ಮಮ್ಮ ತುಪ್ಪ ಮಾಡ್ವಾಗ ಜಗಲಿವರೆಗೂ ಬರ್ತಿತ್ತು, ಅದೇ ಪರಿಮಳ. ಬೇರೆ ಬೀರೆಲ್ಲ ಕುಡ್ದಿದೀನಿ, ಬರೀ ಕಹಿ. ಕಂಪ್ನಿಯೋರು ಬೇಕಂತ್ಲೇ ಮಾಡಿರ್ತಾರೆ, ಆದ್ರೆ ಮತ್ತೆ ಬರ್ಲೇ ಇಲ್ಲ. ಮೂಸಿ ನೋಡಿ ನೀವೂ."

ಮೂಸಿದೆ. ಗಾಳಿ. ಬರೀ ತಣ್ಣನೆಯ ಗಾಳಿ.

ಬೇಕಂತಲೇ ಮಾಡಿದ್ದಲ್ಲವಪ್ಪ ಎಂದು ಹೇಳಲು ಬಾಯಿ ಬರಲಿಲ್ಲ. ಯೀಸ್ಟು ತನ್ನ ಕೆಲಸ ಮುಗಿಸುವ ಮೊದಲೇ ಅವಸರದಲ್ಲಿ ಟ್ಯಾಂಕಿನಿಂದ ಇಳಿಸಿದ ಬೀರು ಬೆಣ್ಣೆ ನಾರುತ್ತದೆ. ನಾಲ್ಕು ದಿನ ಹೆಚ್ಚಿಗೆ ಬಿಟ್ಟರೆ ತಾನೇ ಹೋಗುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ನಮ್ಮ ಕಸುಬಿನ ಒಂದನೇ ಕ್ಲಾಸಿನ ಪಾಠ. ನಾನೇ ಎಷ್ಟೋ ಹುಡುಗರಿಗೆ ಕಲಿಸಿದ್ದೇನೆ. ಬಾಟಲಿ ತಿರುಗಿಸಿ ಬ್ಯಾಚು ನಂಬರು ಓದಿದೆ. ಅದಕ್ಕೆ ಸಹಿ ಹಾಕಿದ ದಿನ ಚೆನ್ನಾಗಿ ನೆನಪಿತ್ತು.

ಮೂರನೇ ಸಹಿಯ ಶ್ವೇತಾ ನಮ್ಮಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಆವತ್ತು ಅವಳು ಗ್ಲಾಸು ಕೆಳಗಿಟ್ಟು, "ಸರ್, ಸ್ವಲ್ಪ ಬೆಣ್ಣೆ ಅನ್ಸುತ್ತಲ್ವಾ?" ಎಂದಿದ್ದಳು. ನನಗೆ ಏನೂ ಅನ್ನಿಸಿರಲಿಲ್ಲ, ಅನ್ನಿಸುವ ಹಾಗೂ ಇರಲಿಲ್ಲ. ಒಪ್ಪಿದರೆ ನಾನು ಹೇಗೆ ಬಿಟ್ಟೆ ಎಂಬ ಪ್ರಶ್ನೆ ಬರುತ್ತದೆ. "ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಬಂದಿದ್ದೀಯೇನಮ್ಮ?" ಎಂದುಬಿಟ್ಟೆ. ರೂಮಿನಲ್ಲಿದ್ದವರೆಲ್ಲ ನಕ್ಕರು. ಅವಳೂ ಮುಖ ಕೆಂಪಗೆ ಮಾಡಿಕೊಂಡು ನಕ್ಕಳು, ಸಹಿ ಹಾಕಿದಳು.

ನಾಗರಾಜ ಕಣ್ಣು ಅರೆಮುಚ್ಚಿ ಗುಟುಕರಿಸುತ್ತಿದ್ದ. ಅಷ್ಟು ಪ್ರೀತಿಯಿಂದ ನಮ್ಮ ಬೀರು ಕುಡಿಯುವವನನ್ನು ನಾನು ನೋಡಿರಲಿಲ್ಲ. ಅವನ ಪಾಲಿಗೆ ಅದು ತಾಯಿಯ ಅಡುಗೆಮನೆ. ಅದನ್ನು ದೋಷ ಎನ್ನಲು ನಾನ್ಯಾರು? ಆದರೆ ಅರ್ಧಕ್ಕೇ ಬಿಟ್ಟು ಎದ್ದವರೂ ಇದ್ದರಲ್ಲ. ಅವರ ಪಾಲಿಗೆ ಕಾವಲು ಕೂರಬೇಕಾದವನು ನಾನು. ನಾಗರಾಜನ ಬಿಲ್ಲನ್ನೂ ನಾನೇ ಕೊಡುತ್ತೇನೆಂದೆ, ಅವನು ಬಿಡಲಿಲ್ಲ.

ಸಾಯಂಕಾಲ ಸಾಗರ ತಲುಪಿದೆ. ಪುಸ್ತಕ ತೆರೆಯುವ ಮನಸ್ಸೂ ಇರಲಿಲ್ಲ. ಬಂದ ಕೆಲಸ ಕೇಳಿದ ಲಾಡ್ಜಿನ ಮ್ಯಾನೇಜರ್ ಮಾತ್ರ ಹುರುಪಿನಿಂದ, "ರುಚಿ ವಿಷ್ಯ ಅಂದ್ರೆ ಶಂಭಟ್ರನ್ನ ಕೇಳ್ಬೇಕು. ಸಮಾರಂಭದ ಅಡುಗೆಯೋರು. ಕೆಲ್ಸ ಇಲ್ಲದ ದಿನ ಒಂದು ಬೀರನ್ನ ಎರಡು ಗಂಟೆ ಕುಡೀತಾರೆ. ಅವ್ರ ಮೂಗು ಅಂದ್ರೆ ಮೂಗು. ನಾಳೆ ಇಕ್ಕೇರಿಲಿ ಒಂದು ಮನೆ ಪೂಜೆ ಅಡುಗೆ ಇದೆ," ಎಂದ. ಮೂಗು ಎಂದ ಕೂಡಲೇ ಹೋಗಬಾರದೆಂದುಕೊಂಡೆ. ಬೆಳಿಗ್ಗೆ ಎದ್ದವನು ಆಟೋ ಹತ್ತಿದ್ದೆ.

ಐದಾರು ಕಿಲೋಮೀಟರ್ ದಾರಿ. ದೇವಸ್ಥಾನದ ಕಲ್ಲಿನ ಗೋಡೆಗೆ ಎಳೆಬಿಸಿಲು ಬಿದ್ದಿತ್ತು. ಹೊರಗಿನಿಂದಲೇ ಕೈಮುಗಿದು ಪೂಜೆಯ ಮನೆ ಹುಡುಕಿದೆ. ಹಿತ್ತಲಿನ ಚಪ್ಪರದಡಿ ಅಡುಗೆ ನಡೆದಿತ್ತು. ಶಂಭಟ್ಟರು ಅರವತ್ತರ ಗಟ್ಟಿ ಆಳು, ಮೂಲೆಯಲ್ಲಿ ಮಣೆಯ ಮೇಲೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದರು. ಒಲೆಗಳ ಮುಂದೆ ನಿಂತಿದ್ದವನು ಅವರ ಭಾವಮೈದುನ ಸುಬ್ರಾಯ. ದೊಡ್ಡ ಕೊಪ್ಪರಿಗೆಯಿಂದ ಹಬೆ ಏಳುತ್ತಿತ್ತು. ಮಾತು ಶುರುಮಾಡಬೇಕಲ್ಲ, ಹಬೆಯ ಕಡೆ ಮೂಗು ಚಾಚಿ, "ಆಹಾ, ಘಮ್ ಅಂತಿದೆ ಭಟ್ರೆ," ಎಂದೆ.

ಸುಬ್ರಾಯನ ಸೌಟು ನಿಂತಿತು. ತರಕಾರಿ ಹೆಚ್ಚುತ್ತಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು.

"ಅದು ಅನ್ನದ ಎಸರು ಮಾರಾಯ್ರೆ," ಎಂದರು ಶಂಭಟ್ಟರು. "ಬರೀ ನೀರು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭಟ್ಟರು ನಗಲಿಲ್ಲ. ಪಕ್ಕದ ಮಣೆ ತೋರಿಸಿ ಕೂರಿಸಿಕೊಂಡು, ತಗ್ಗಿದ ದನಿಯಲ್ಲಿ, "ಎಷ್ಟು ದಿನ ಆಯ್ತು ಮೂಗು ಹೋಗಿ?" ಎಂದು ಕೇಳಿದರು. ಏಳು ತಿಂಗಳು ಎಂದೆ. ಯಾರಿಗೂ ಹೇಳದಿದ್ದುದನ್ನು ಗುರುತಿಲ್ಲದ ಆ ಮನುಷ್ಯನ ಮುಂದೆ, ಸೌತೆಸಿಪ್ಪೆಯ ರಾಶಿ ನೋಡುತ್ತ, ಬೆಣ್ಣೆ ಬೀರಿನವರೆಗೆ ಎಲ್ಲ ಹೇಳಿದೆ.

ಅಷ್ಟರಲ್ಲಿ ಸುಬ್ರಾಯ ಹುಳಿಯ ಪಾತ್ರೆಗೆ ಬಗ್ಗಿ, ಕೈಯಿಂದ ಹಬೆಯನ್ನು ಮುಖಕ್ಕೆ ಎಳೆದುಕೊಂಡು, ಒಂದು ಗಳಿಗೆ ನಿಂತ. "ಭಾವಾ, ಉಪ್ಪು ಕಡ್ಮೆ ಇದ್ದು," ಎಂದ. "ನಿಂಗೆ ಕಂಡಷ್ಟು ಹಾಕು," ಎಂದರು ಭಟ್ಟರು.

"ಬಾಯಿಗೆ ಹಾಕಿ ನೋಡುವುದಿಲ್ಲವೇ?" ಎಂದು ಕೇಳಿದೆ.

"ನೈವೇದ್ಯ ಆಗೋ ತನಕ ನಾಲಿಗೆಗೆ ಇಡೋ ಹಾಗಿಲ್ಲ. ಎಂಜಲಾಗ್ತದೆ. ಉಪ್ಪು, ಹುಳಿ, ಬೆಲ್ಲ ಎಲ್ಲ ಹಬೆಯಲ್ಲೇ ನೋಡ್ಬೇಕು. ಮೂವತ್ತೈದು ವರ್ಷ ಹಾಗೇ ಮಾಡಿದ್ದು."

"ಮತ್ತೆ ಇವತ್ತು ನೀವು ಯಾಕೆ ಇಲ್ಲಿ ಕೂತಿದ್ದೀರಿ?"

"ಮೂರು ದಿನದಿಂದ ಶೀತ. ಮೂಗು ಕಟ್ಟಿದೋನು ಪಾತ್ರೆ ಮುಂದೆ ನಿಲ್ಲಬಾರದು, ನಮ್ಮಲ್ಲಿ ಹಾಗೇ. ಬೆಳಿಗ್ಗೆ ಬಂದ ಕೂಡ್ಲೇ ಮನೆ ಯಜಮಾನ್ರಿಗೆ ಹೇಳಿದೆ, ಇವತ್ತಿನ ಉಪ್ಪು ಸುಬ್ರಾಯಂದು ಅಂತ."

"ಹೆಸರು ಹೋಗೋದಿಲ್ವಾ ಭಟ್ರೆ?"

ಅವರು ಈಳಿಗೆಮಣೆಯಿಂದ ತಲೆಯೆತ್ತಿದರು. "ಹೇಳಿದ್ರೆ ಒಂದಿನ ಹೋಗ್ತದೆ. ಹೇಳದೆ ನಿಂತು ನೂರೈವತ್ತು ಎಲೆಗೆ ಉಪ್ಪು ಹೆಚ್ಚು ಹಾಕಿದ್ರೆ ಊರೂರಿಗೆ ಹೋಗ್ತದೆ. ಮತ್ತೆ ಇನ್ನೊಂದು. ನಾನೇ ನಿಂತ್ರೆ ಸುಬ್ರಾಯ ಉಪ್ಪು ಹಾಕೋದು ಕಲಿಯೋದು ಯಾವಾಗ?"

ಹೊರಡುವಾಗ, ಬಂದ ಕೆಲಸಕ್ಕೆ ಬಾಕಿ ಇರಬಾರದೆಂದು, ಅವರ ಇಷ್ಟದ ಬೀರು ಯಾವುದೆಂದು ಕೇಳಿದೆ. ಸುತ್ತ ನೋಡಿ ದನಿ ಇಳಿಸಿದರು. "ಯಾವ್ದಾದ್ರೂ ಆಗ್ತದೆ. ಐಸ್ ಹಾಗೆ ತಣ್ಣಗಿರಬಾರದು, ಪರಿಮಳ ಸತ್ತುಹೋಗ್ತದೆ. ದೊಡ್ಡ ಅಡುಗೆ ಮುಗಿದ ಮಾರನೇ ದಿನ, ಊಟ ಚೊಲೋ ಇತ್ತು ಅಂತ ಯಾರಾದ್ರೂ ಫೋನ್ ಮಾಡಿದ ಮೇಲೆ ಕುಡಿಯೋದು ನೋಡಿ, ಅದು ಬೀರು." ಊಟ ಮಾಡಿಕೊಂಡೇ ಹೋಗಬೇಕೆಂದು ಹಿಡಿದರು. ಉಂಡೆ. ಪರಿಮಳ ತಿಳಿಯದಿದ್ದರೂ ಉಪ್ಪು ಸರಿಯಾಗಿತ್ತು ಎಂಬುದು ನನ್ನ ನಾಲಿಗೆಗೂ ಗೊತ್ತಾಯಿತು.

ಮಧ್ಯಾಹ್ನದ ಮೈಸೂರು ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಸಾಗರದ ಹೊರವಲಯ ದಾಟುವ ಮೊದಲೇ ಶ್ವೇತಾಳಿಗೆ ಫೋನ್ ಮಾಡಿದೆ. ತಡಮಾಡಿದರೆ ನನ್ನ ಧೈರ್ಯದ ಮೇಲೆ ನನಗೇ ನಂಬಿಕೆ ಇರಲಿಲ್ಲ.

"ಶ್ವೇತಾ, ದೀಪಾವಳಿ ಆದ ಮೇಲಿನ ಬ್ಯಾಚಿನಲ್ಲಿ ಬೆಣ್ಣೆ ಇತ್ತು. ನೀನು ಹೇಳಿದ್ದು ಸರಿ. ಹೊಸನಗರದಲ್ಲಿ ಅದಕ್ಕೆ ಬೆಣ್ಣೆ ಬೀರು ಅಂತಲೇ ಹೆಸರು ಬಿದ್ದಿದೆ. ನನಗೆ ಆಗ ಮೂಗೇ ಇರಲಿಲ್ಲಮ್ಮ. ಈಗಲೂ ಇಲ್ಲ. ಆವತ್ತು ನಿನ್ನನ್ನು ಎಲ್ಲರೆದುರು ನಗೆಪಾಟಲು ಮಾಡಿದ್ದು ನನ್ನ ತಪ್ಪು."

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು.

"ಸರ್," ಎಂದಳು, "ನಾನು ನನ್ ಮೂಗೇ ಸರಿ ಇಲ್ಲ ಅಂದ್ಕೊಂಡಿದ್ದೆ. ಆವತ್ತಿಂದ ನೀವು ಎಷ್ಟು ಮಾರ್ಕ್ ಹಾಕ್ತೀರೋ ಓರೆಗಣ್ಣಲ್ಲಿ ನೋಡಿ, ಅಷ್ಟೇ ಹಾಕ್ತಿದ್ದೆ."

ಎರಡನೇ ಸಹಿಯವನು ಮೊದಲಿನಿಂದಲೂ ನನ್ನನ್ನೇ ನಕಲು ಮಾಡುವವನು. ಅಂದರೆ ಹೆಚ್ಚುಕಡಿಮೆ ನಾಲ್ಕು ತಿಂಗಳು ಮೂರು ಸಹಿ ಬಿದ್ದ ನಮ್ಮ ಬೀರನ್ನು ಕಾರ್ಖಾನೆಯಲ್ಲಿ ಯಾರೂ ಮೂಸಿಯೇ ಇರಲಿಲ್ಲ. ನನ್ನ ಮೂಗು ಜ್ವರಕ್ಕೆ ಹೋಗಿತ್ತು; ಅವಳದನ್ನು ನಾನು ಕೈಯಾರೆ ಕಿತ್ತುಕೊಂಡಿದ್ದೆ.

"ಸೋಮವಾರ ಎರಡು ಹೊಸ ಬೀರಿನ ಗ್ಲಾಸನ್ನೂ ಮೊದಲು ನೀನೇ ಎತ್ತು," ಎಂದೆ. "ನಾನು ಒಳಗೆ ಬರುವುದಿಲ್ಲ."

"ತಪ್ಪು ಹೇಳಿದ್ರೆ ಸರ್?"

"ಹೇಳು. ನಿನ್ನ ಮೂಗಿನ ತಪ್ಪೇ ಆಗಲಿ."

ರೈಲು ಆನಂದಪುರದಲ್ಲಿ ನಿಂತಿತು. ಇಳಿದವರು ಚೀಲ ಹೊತ್ತು ರಸ್ತೆಯ ಕಡೆ ನಡೆದರು. ಹಿಂದೆ ಸಾಗರದ ಕಡೆಯ ಗುಡ್ಡಗಳು ಬಿಸಿಲಿಗೆ ಮಸುಕಾಗಿದ್ದವು. ಮೂಗಿನ ವಿಷಯ ಹೇಳಲು ನಾನು ಕಾರ್ಖಾನೆಯ ಮ್ಯಾನೇಜರಿಗೆ ಫೋನ್ ಹಚ್ಚಿದೆ.