ವೆರೋನಿಕಾಗೆ ತಪ್ಪಿಸಿದ ತವರು

ಕಳೆದ ತಿಂಗಳು ನಾನು ಒಬ್ಬ ಹೆಣ್ಣುಮಗಳಿಗೆ ತವರು ತಪ್ಪಿಸಿದೆ. ಅದೂ ಇಂಗ್ಲಿಷಿನಲ್ಲಿ.

ಕನ್ನಡದಲ್ಲಿ ಹೇಳಬೇಕಾಗಿದ್ದರೆ ನಾಲಿಗೆ ತಡವರಿಸುತ್ತಿತ್ತೋ ಏನೋ. ಇಂಗ್ಲಿಷಿನಲ್ಲಿ ಸುಳ್ಳು ಹೇಳುವುದು ನೀರು ಕುಡಿದಷ್ಟು ಸಲೀಸು. ಹೇಳಿ ಮುಗಿಸಿದ ಮೇಲೆ ಥ್ಯಾಂಕ್ಯೂ ಬೇರೆ ಸಿಗುತ್ತದೆ. ನನಗೂ ಸಿಕ್ಕಿತು.

ಆಕೆಯ ಹೆಸರು ವೆರೋನಿಕಾ ನಗಪಾ. ವಯಸ್ಸು ಅರವತ್ತರ ಆಸುಪಾಸು. ಊರು ಸೇಂಟ್ ವಿನ್ಸೆಂಟ್. (ಅದು ಯಾವ ಚರ್ಚು ಎಂದು ಕೇಳಬೇಡಿ. ಮೊದಲು ನಾನೂ ಹಾಗೇ ಕೇಳಿದ್ದೆ.) ಕೆರಿಬಿಯನ್ ಸಮುದ್ರದಲ್ಲಿರುವ ಪುಟ್ಟ ದ್ವೀಪ ಅದು. ವೆಸ್ಟ್ ಇಂಡೀಸ್ ಎಂದರೆ ನಮಗೆ ಫಾಸ್ಟ್ ಬೌಲರುಗಳು, ಅಷ್ಟೇ. ಅಲ್ಲಿ ಬೌಲರುಗಳಲ್ಲದೆ ಅಜ್ಜಿಯರೂ ಇರುತ್ತಾರೆ ಎಂದು ಹುಮನಾಬಾದಿನಲ್ಲಿ ಯಾರು ಯೋಚಿಸಿದ್ದರು?

ಹೋದ ವರ್ಷ ನಮ್ಮ ಕಾಲೇಜಿಗೆ ಆಕೆಯ ಪತ್ರ ಬಂತು. ‘ಇತಿಹಾಸ ವಿಭಾಗ, ಕಾಲೇಜು, ಹುಮನಾಬಾದ್, ಇಂಡಿಯಾ’ ಎಂದಷ್ಟೇ ವಿಳಾಸ. ಅಂಚೆಯವರ ಪುಣ್ಯ, ಮುಟ್ಟಿತು. ಇತಿಹಾಸ ವಿಭಾಗ ಎಂದರೆ ನಾನು ಮತ್ತು ಬೀಗ ಕೆಟ್ಟ ಒಂದು ಕಪಾಟು. ಹಾಗಾಗಿ ಪ್ರಿನ್ಸಿಪಾಲರು ಪತ್ರವನ್ನು ನನ್ನ ಕೈಗಿಟ್ಟು ಕೈತೊಳೆದುಕೊಂಡರು.

ಪತ್ರದಲ್ಲಿದ್ದದ್ದು ಇಷ್ಟು. ನನ್ನ ಮುತ್ತಜ್ಜ ನಾಗಪ್ಪ ಮದ್ರಾಸಿನಲ್ಲಿ ಹಡಗು ಹತ್ತಿ ಕಬ್ಬಿನ ತೋಟದ ಕೂಲಿಗೆಂದು ಈ ದ್ವೀಪಕ್ಕೆ ಬಂದ. ಅವನ ಹೆಸರೇ ಇಲ್ಲಿಯವರ ಬಾಯಲ್ಲಿ ನಗಪಾ ಆಗಿ ನಮ್ಮ ಮನೆತನದ ಹೆಸರಾಯಿತು. ಅವನ ಊರು ನಿಮ್ಮ ಹುಮನಾಬಾದಿನ ಹತ್ತಿರದ ಇಂಥ ಹಳ್ಳಿ. ಅಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ? ಇದ್ದರೆ ಒಮ್ಮೆ ಅವರ ಹೊಸ್ತಿಲು ತುಳಿಯಬೇಕು.

ದುಬಲಗುಂಡಿ ದಾಟಿ ಸ್ವಲ್ಪ ಮುಂದೆ ಹೋದರೆ ಆ ಹಳ್ಳಿ. ಹೆಸರು ಬರೆಯುವುದಿಲ್ಲ. (ಬರೆದರೆ ಒಂದು ಊರಿನವರಿಗೆ ಸಿಟ್ಟು ಬರುತ್ತದೆ, ಉಳಿದ ಊರಿನವರಿಗೆಲ್ಲ ನೆಮ್ಮದಿಯಾಗುತ್ತದೆ. ಆ ನೆಮ್ಮದಿ ಯಾರಿಗೂ ಬೇಡ.) ಅಲ್ಲಿನ ಶರಣಪ್ಪ ಪಾಟೀಲರು ನನಗೆ ಹಳೆಯ ಪರಿಚಯ. ಕೇಳಿದೆ. ಅವರು ಎರಡೇ ದಿನದಲ್ಲಿ ನಾಗಪ್ಪನನ್ನು ಪತ್ತೆ ಮಾಡಿಬಿಟ್ಟರು. ತಮ್ಮ ಅಜ್ಜನ ಕಾಕಾ ಒಬ್ಬ ಸಿಟ್ಟು ಮಾಡಿಕೊಂಡು ಮನೆ ಬಿಟ್ಟಿದ್ದನಂತೆ, ಅವನ ಹೆಸರೂ ನಾಗಪ್ಪನಂತೆ, ಮತ್ತೆ ಅವನ ಸುದ್ದಿಯೇ ಇಲ್ಲವಂತೆ. ಇನ್ನೇನು ಬೇಕು? ಫಾರಿನ್ನಿನಲ್ಲಿ ಒಬ್ಬ ಸಂಬಂಧಿ ಇದ್ದರೆ ಯಾರಿಗೆ ಬೇಡ?

ಆಕೆಗೆ ಬರೆದೆ, ಕಳೆದ ತಿಂಗಳು ಬರುವುದೆಂದಾಯಿತು. ಪಾಟೀಲರು ಪಂಚಾಂಗ ನೋಡಿ, ಭಾನುವಾರ ದಿನ ಬಹಳ ಒಳ್ಳೆಯದಿದೆ, ಅವತ್ತೇ ಕರೆದುಕೊಂಡು ಬನ್ನಿ, ಉಡಿ ತುಂಬಿ ಕಳಿಸುತ್ತೇವೆ ಎಂದು ಅವರೇ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರು. ಮನೆಯ ಮಗಳು ತವರಿಗೆ ಬಂದರೆ ಉಡಿ ತುಂಬದೆ ಕಳಿಸುವವರು ನಮ್ಮ ಕಡೆ ಯಾರಿದ್ದಾರೆ?

ಶನಿವಾರ ಹೈದರಾಬಾದಿನಿಂದ ಬಸ್ಸಿನಲ್ಲಿ ವೆರೋನಿಕಾ ಬಂದಿಳಿದರು. ಮಾರನೆಯ ಬೆಳಿಗ್ಗೆ ಖಾದರನ ಬಾಡಿಗೆ ಜೀಪಿನಲ್ಲಿ ಹೊರಟೆವು. ದಾರಿಯಲ್ಲಿ ಒಂದು ಕಬ್ಬಿನ ಗದ್ದೆ ಕಂಡಿದ್ದೇ ಜೀಪು ನಿಲ್ಲಿಸಿ ಎಂದರು. ಇಳಿದು ಒಂದು ಗಳವನ್ನು ಕೈಯಲ್ಲಿ ಹಿಡಿದು ನಿಂತರು. ಕಬ್ಬು ಕಂಡರೆ ತನ್ನ ಅಜ್ಜಿ ಉಗುಳುತ್ತಿದ್ದಳು ಎಂದು ಹೇಳಿ ಮತ್ತೆ ಬಂದು ಕೂತರು.

ಆಕೆಯ ಕೆಲಸ ಟೂರಿಸ್ಟ್ ಗೈಡ್. ದೊಡ್ಡ ದೊಡ್ಡ ಹಡಗುಗಳಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುವ ಪ್ರವಾಸಿಗಳನ್ನು ಸುತ್ತಿಸುವುದು. ಗಂಡ ದೋಣಿ ನಡೆಸುತ್ತಾನೆ. ಅಲ್ಲಿ ಏನೇನಿದೆ ಎಂದು ಕೇಳಿದೆ. ಜ್ವಾಲಾಮುಖಿ ಇದೆ, ಹತ್ತಿ ಬಾಯೊಳಗೆ ಇಣುಕಬಹುದು. ಕಪ್ಪು ಮರಳಿನ ದಂಡೆ ಇದೆ. ಕಾಡಿನೊಳಗೆ ಜಲಪಾತ, ಅದರ ಕೆಳಗೆ ಈಜಾಟ. ಕಣ್ಣಿಗೆ ಗಾಜು ಕಟ್ಟಿಕೊಂಡು ನೀರಿಗಿಳಿದರೆ ಬಣ್ಣಬಣ್ಣದ ಮೀನು. ಒಂದು ಹಳೆಯ ಸಸ್ಯೋದ್ಯಾನವಿದೆ. ಗುಲಾಮರ ಹೊಟ್ಟೆಗೆ ಅಗ್ಗದಲ್ಲಿ ಹಾಕಲು ಹಲಸಿನ ಜಾತಿಯ ಒಂದು ಹಣ್ಣಿನ ಸಸಿಗಳನ್ನು ಬಿಳಿಯರು ಹಡಗಿನಲ್ಲಿ ತಂದು ಅಲ್ಲಿ ನೆಟ್ಟರಂತೆ. ಈಗ ಅದನ್ನೇ ಸುಟ್ಟು, ಹುರಿದ ಮೀನಿನ ಜೊತೆ ಪ್ರವಾಸಿಗಳಿಗೆ ಬಡಿಸುತ್ತಾರೆ. ಗುಲಾಮಗಿರಿ ಮುಗಿದ ಮೇಲೆ ತೋಟಕ್ಕೆ ಆಳು ಸಿಗಲಿಲ್ಲ. ಆಗ ಮದ್ರಾಸಿನಿಂದ ಹಡಗುಗಳು ಬಂದವು. ಅವುಗಳಲ್ಲೊಂದರಲ್ಲಿ ನಾಗಪ್ಪ.

ಪಾಟೀಲರ ಅಂಗಳದಲ್ಲಿ ಜಮಖಾನೆ ಹಾಸಿದ್ದರು. ಊರೇ ಸೇರಿತ್ತು. ಒಬ್ಬ ಅಜ್ಜ ಬಂದು, ಅಲ್ಲಿಯ ಬೌಲರುಗಳೆಲ್ಲ ನಿಮಗೆ ಪರಿಚಯವೇ ಎಂದು ನನ್ನಿಂದ ಆಕೆಯನ್ನು ಕೇಳಿಸಿದ. ಇಲ್ಲ ಎಂದಾಗ ಅವನ ಉತ್ಸಾಹ ಅರ್ಧ ಇಳಿಯಿತು. ಪಾಟೀಲರ ಹೆಂಡತಿ ಗೌರಮ್ಮ, ಗಂಡ ಇದ್ದಾನೆಯೇ ಎಂದು ಮೊದಲು ಖಾತ್ರಿ ಮಾಡಿಕೊಂಡು, ವೆರೋನಿಕಾರ ಹಣೆಗೆ ಕುಂಕುಮ ಹಚ್ಚಿದರು. ಪಿಂಗಾಣಿಯ ಕಪ್ಪು-ಬಸಿಯಲ್ಲಿ ಚಹಾ ಬಂತು. ಒಳಗಿನಿಂದ ಹಿತ್ತಾಳೆ ತಟ್ಟೆ ಬಂತು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಹಸಿರು ಖಣ. ಸೆರಗು ಇಲ್ಲದ ಹೆಂಗಸಿಗೆ ಉಡಿ ತುಂಬುವುದು ಹೇಗೆ ಎಂದು ಹೆಂಗಸರಲ್ಲಿ ಚರ್ಚೆಯಾಗಿ, ಒಬ್ಬಾಕೆ ತನ್ನದೇ ಶಾಲನ್ನು ಆಕೆಯ ಮಡಿಲಿಗೆ ಹರವಿದಳು.

ವೆರೋನಿಕಾ ಅಳುತ್ತಿದ್ದರು. ನನಗೂ ಅಳು ಬಂತು, ಸುಳ್ಳೇಕೆ ಹೇಳಲಿ.

ಆಗ ಆಕೆ ಚೀಲದಿಂದ ಪ್ಲಾಸ್ಟಿಕ್ ಹಾಳೆಯೊಳಗಿಟ್ಟಿದ್ದ ಒಂದು ಕಾಗದ ತೆಗೆದರು. ನಾಗಪ್ಪ ಹಡಗು ಹತ್ತುವಾಗ ಬರೆಸಿದ ದಾಖಲೆಯ ನಕಲು. ಅದುವರೆಗೆ ನಾನದನ್ನು ನೋಡಿರಲಿಲ್ಲ. ಎಲ್ಲರಿಗೂ ಓದಿ ಹೇಳಿ ಎಂದರು.

ಇಲ್ಲಿಯೇ ನನ್ನೊಳಗಿನ ಮೇಷ್ಟರು ಕೆಟ್ಟದ್ದು. ದಾಖಲೆ ಎಂದರೆ ಪೂರ್ತಿ ಓದಬೇಕು, ಒಂದಕ್ಷರ ಬಿಡಬಾರದು ಎಂದು ಇಪ್ಪತ್ತು ವರ್ಷ ಹುಡುಗರಿಗೆ ಪಾಠ ಮಾಡಿದವನು ನಾನು. ಎದ್ದು ನಿಂತು ಕ್ಲಾಸಿನಲ್ಲಿ ಓದುವಂತೆ ಗಟ್ಟಿಯಾಗಿ ಓದಿದೆ. ಹೆಸರು, ನಾಗಪ್ಪ. ವಯಸ್ಸು, ಇಷ್ಟು. ಊರು, ಇದೇ ಊರು. ಮೈಮೇಲಿನ ಗುರುತು, ಎಡಗೆನ್ನೆಯ ಮೇಲೆ ಗಾಯದ ಕಲೆ. ಜಾತಿ.

ಅದನ್ನೂ ಓದಿದೆ.

ಊರ ಹೊರಗಿನ ಕೇರಿಯವರ ಜಾತಿ ಅದು. ಅಷ್ಟು ಹೇಳಿದರೆ ನಿಮಗೆ ಸಾಕು. ನಮ್ಮವರಿಗೆ ಎಂದೂ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಮನ್ನಾಏಖೇಳ್ಳಿಯಲ್ಲಿ ಬಸ್ಸು ಹತ್ತಿ ಪಕ್ಕದಲ್ಲಿ ಕೂತವನು ಕಂಡಕ್ಟರ್ ಬರುವುದರೊಳಗೆ, ಯಾವೂರು, ಯಾರ ಪೈಕಿ ಎಂದು ವಿಚಾರಿಸಿ ಮುಗಿಸಿರುತ್ತಾನೆ. ಈ ಹೆಂಗಸನ್ನು ಯಾರೂ ಕೇಳಿರಲಿಲ್ಲ. ಫಾರಿನ್ನಿನವಳಲ್ಲವೇ, ಕೇಳುವುದು ಹೊಳೆದಿರಲಿಲ್ಲ.

ಯಾರೂ ಕೆಟ್ಟ ಮಾತಾಡಲಿಲ್ಲ. ನಮ್ಮ ಕಡೆಯವರು ಹಾಗೆಲ್ಲ ಮಾತಾಡುವುದಿಲ್ಲ. ಗೌರಮ್ಮ ಗಂಡನ ಮುಖ ನೋಡಿದರು. ಶಾಲು ಹಾಸಿದಾಕೆ, ಗಾಳಿಗೆ ಸರಿಯಿತೇನೋ ಎಂಬಂತೆ ಅದನ್ನು ಮೆಲ್ಲಗೆ ಎಳೆದುಕೊಂಡಳು. ಪಾಟೀಲರು ಕೆಮ್ಮಿ, ನನ್ನ ಕಡೆಗೆ ಬಾಗಿ ಹೇಳಿದರು.

“ಇವತ್ತ ದಿನ ಛಲೋ ಇಲ್ರಿ ಸರ. ಉಡೀದು ಮುಂದ ನೋಡೋಣ್ರಿ.”

ತಟ್ಟೆ ಒಳಗೆ ಹೋಯಿತು. ಆಮೇಲೆ ಪಾಟೀಲರಿಗೆ ಇನ್ನೊಂದು ವಿಷಯ ನೆನಪಾಯಿತು. ಅವರ ಅಜ್ಜನ ಕಾಕಾ ಮನೆ ಬಿಟ್ಟು ಹೋದದ್ದು ನಿಜವಂತೆ, ಆದರೆ ಪಂಢರಪುರದಲ್ಲಿ ತೀರಿಕೊಂಡನಂತೆ. ಎರಡನೆಯ ಸಲ ಚಹಾ ಬಂತು. ನನಗೆ ಪಿಂಗಾಣಿ ಕಪ್ಪಿನಲ್ಲಿ, ಆಕೆಗೆ ಪ್ಲಾಸ್ಟಿಕ್ ಕಪ್ಪಿನಲ್ಲಿ.

ಏನಾಯಿತು ಎಂದು ವೆರೋನಿಕಾ ನನ್ನನ್ನು ಕೇಳಿದರು. ನಾನು ಹೇಳಿದೆ: ಇವತ್ತು ಅಶುಭ ದಿನವಂತೆ, ಇಲ್ಲಿಯ ಪದ್ಧತಿ ಹಾಗೆ. ಮತ್ತೆ, ಈ ನಾಗಪ್ಪ ಬೇರೆ, ನಿಮ್ಮ ನಾಗಪ್ಪ ಬೇರೆ. ನಿಮ್ಮ ನಾಗಪ್ಪನ ಕಡೆಯವರು ಈಗ ಈ ಊರಿನಲ್ಲಿ ಯಾರೂ ಉಳಿದಿಲ್ಲ. ಥ್ಯಾಂಕ್ಯೂ ಎಂದರು. ಹಣೆಯ ಮೇಲೆ ಕುಂಕುಮ ಹಾಗೇ ಇತ್ತು.

ಯಾರೂ ಉಳಿದಿಲ್ಲವೇ? ಜೀಪು ಹಳ್ಳ ದಾಟಿದ ಕೂಡಲೇ ಬಲಕ್ಕೆ ಕೇರಿ. ನಲವತ್ತೋ ಐವತ್ತೋ ಮನೆ. ಕಟ್ಟೆಯ ಮೇಲೆ ಕೂತ ಹೆಂಗಸರು ಕೈ ಹಣೆಗಿಟ್ಟು ನಮ್ಮನ್ನೇ ನೋಡುತ್ತಿದ್ದರು. ಅಂಗಳದಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಖಾದರ್ ಗೇರು ಇಳಿಸಿದ.

“ಕೇರಿ ಬಂತ್ರಿ ಸರ. ನಿಲ್ಲಸ್ಲೇನ್ರಿ?”

ಹಿಂದೆ ತಿರುಗಿ ನೋಡಿದೆ. ಪಾಟೀಲರು ನಮ್ಮನ್ನು ಕಳಿಸಲೆಂದು ಹಳ್ಳದವರೆಗೂ ಬಂದು ಅಲ್ಲಿಯೇ ನಿಂತಿದ್ದರು. ನಾನೂ ಅವರ ಪೈಕಿಯವನೇ. ಇದನ್ನು ಇಷ್ಟು ವರ್ಷಗಳ ಅಂಕಣದಲ್ಲಿ ಎಂದೂ ಬರೆದಿಲ್ಲ, ಬರೆಯುವ ಪ್ರಸಂಗ ಬಂದಿರಲಿಲ್ಲ. ನಡಿಯೋ, ಕಲ್ಯಾಣದ ಕೋಟೆ ಐದಕ್ಕೆ ಬಂದ್ ಮಾಡುತ್ತಾರೆ ಎಂದೆ. ಖಾದರ್ ಗೇರು ಏರಿಸಿದ.

ಬಸವಕಲ್ಯಾಣದಲ್ಲಿ ಆಕೆಗೆ ಎಲ್ಲ ತೋರಿಸಿದೆ. ಅನುಭವ ಮಂಟಪದಲ್ಲಿ ನಿಂತು ಒಳ್ಳೆಯ ಭಾಷಣವನ್ನೂ ಮಾಡಿದೆ. ಹನ್ನೆರಡನೆಯ ಶತಮಾನದಲ್ಲಿ ಈ ಊರಿನಲ್ಲಿ ಚಮ್ಮಾರ, ಅಗಸ, ಅಂಬಿಗ, ಮಂತ್ರಿ ಎಲ್ಲರೂ ಒಂದೇ ನೆಲದ ಮೇಲೆ ಕೂತು ಮಾತಾಡಿದರು ಎಂದೆ. (ನನಗೆ ಆಗ ನಾಚಿಕೆಯಾಗಲಿಲ್ಲ. ಅಭ್ಯಾಸಬಲ.) ಆಮೇಲೆ ಅವರೇನಾದರು ಎಂದು ಆಕೆ ಕೇಳಿದರು. ಜಾತಿ ಮೀರಿ ಒಂದು ಮದುವೆ ಮಾಡಿದರು, ಅದಕ್ಕೆ ಅವರನ್ನು ಕೊಂದರು, ಉಳಿದವರು ಊರು ಬಿಟ್ಟರು ಎಂದೆ. ಅದಾದ ಮೇಲೆ? ಅದಾದ ಮೇಲೆ ಅವರ ಹೆಸರನ್ನು ರಸ್ತೆಗಳಿಗೆ ಇಟ್ಟೆವು ಎಂದೆ.

ಕೋಟೆಯ ಫಿರಂಗಿಯ ಪಕ್ಕ ಕೂತು ಆಕೆ ತನ್ನೂರಿನ ಮಾತು ತೆಗೆದರು. ಅಲ್ಲಿಯೂ ಗುಡ್ಡದ ಮೇಲೊಂದು ಕೋಟೆ ಇದೆಯಂತೆ. ಅಲ್ಲಿನ ಫಿರಂಗಿಗಳ ಬಾಯಿ ಸಮುದ್ರದ ಕಡೆಗಲ್ಲ, ಊರಿನ ಕಡೆಗಂತೆ. ದ್ವೀಪದ ಮೂಲನಿವಾಸಿಗಳ ಭಯ ಬಿಳಿಯರಿಗೆ ಅಷ್ಟಿತ್ತು. ಯುದ್ಧದಲ್ಲಿ ಗೆದ್ದ ಮೇಲೆ ಅವರನ್ನೆಲ್ಲ ಎದುರಿನ ಬಂಜರು ನಡುಗಡ್ಡೆಯೊಂದಕ್ಕೆ ಸಾಗಿಸಿ ಬಿಟ್ಟರು. ಸಾವಿರಾರು ಜನ ಅಲ್ಲೇ ಸತ್ತರು. ಮೀನು ನೋಡಲು ಹೋಗುವ ದೋಣಿಗಳು ಈಗ ಆ ನಡುಗಡ್ಡೆಯ ಪಕ್ಕದಲ್ಲೇ ಹೋಗುತ್ತವೆ.

ನಾನು ಅದನ್ನು ಪ್ರವಾಸಿಗಳಿಗೆ ತೋರಿಸುವುದಿಲ್ಲ ಎಂದರು. ಅವರು ರಜೆಗೆ ಬಂದವರು, ಮುಖ ಸಪ್ಪೆಯಾಗುತ್ತದೆ. ಆ ಹೊತ್ತಿಗೆ ಅವರನ್ನು ಇನ್ನೊಂದು ಕಡೆ ತಿರುಗಿಸಿ ಡಾಲ್ಫಿನ್ ತೋರಿಸುತ್ತೇನೆ. ಎಲ್ಲ ಗೈಡುಗಳೂ ಏನಾದರೊಂದನ್ನು ಬಿಟ್ಟೇ ತೋರಿಸುತ್ತಾರೆ, ಅಲ್ಲವೇ?

ನನ್ನ ಕಡೆ ನೋಡಿಯೇ ಕೇಳಿದರು. ನಾನು ಗಡಿಯಾರ ನೋಡಿಕೊಂಡೆ. ಮಾರನೆಯ ದಿನ ಆಕೆ ಹೈದರಾಬಾದಿನ ಬಸ್ಸು ಹತ್ತಿದರು.

ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಇಂಥ ಎಷ್ಟನ್ನು ನುಂಗಿಕೊಂಡಿಲ್ಲ?

ಮೊನ್ನೆ ಸೋಮವಾರ ಕಾಲೇಜಿನ ವರಾಂಡದಲ್ಲಿ ಒಬ್ಬ ಮುದುಕಿ ನನ್ನನ್ನು ಕಾಯುತ್ತಿದ್ದಳು. ಹೆಸರು ತುಕ್ಕಮ್ಮ, ಅದೇ ಹಳ್ಳಿಯ ಕೇರಿಯವಳು. ನಾವು ಹೋದ ದಿನ ಮಂಠಾಳದಲ್ಲಿ ಮಗಳ ಮನೆಯಲ್ಲಿದ್ದಳಂತೆ. ತಿರುಗಿ ಬಂದ ಮೇಲೆ ಸುದ್ದಿ ಕೇಳಿ ಹುಮನಾಬಾದಿನ ಬಸ್ಸು ಹಿಡಿದಿದ್ದಾಳೆ. ಕಂಕುಳಲ್ಲಿ ಗಂಟು. ಅಕ್ಕಿ, ಕೊಬ್ಬರಿ ಬಟ್ಟಲು, ಕೆಂಪು ಖಣ. ಆ ಹೆಣ್ಣುಮಗಳು ಇನ್ನೂ ಇಲ್ಲಿಯೇ ಇದ್ದಾಳೆ ಎಂದುಕೊಂಡು ತಂದಿದ್ದಳು.

ಹೋದರು ಎಂದೆ. ಅವಳು ಗಂಟನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. ನನಗೆ ಏನಾದರೂ ಮಾತಾಡಬೇಕಿತ್ತು. ನಿಮ್ಮ ಪೈಕಿ ನಾಗಪ್ಪ ಎನ್ನುವವನು ಇದ್ದನೇ ಎಂದು ಕೇಳಿದೆ. ನೋಡಿ, ಆಗಲೂ ನನ್ನ ಬಾಯಿಂದ ಬಂದದ್ದು ಅದೇ ಪ್ರಶ್ನೆ.

“ಇದ್ದನೋ ಇಲ್ಲೋ ನನಗ ಗೊತ್ತಿಲ್ರಿ ಸರ. ಅಷ್ಟ ದೂರದಿಂದ ನಮ್ಮೂರು ಹುಡುಕ್ಕೋತ ಬಂದಾಳ. ಉಡಿ ತುಂಬಾಕ ಮತ್ತೇನ ಬೇಕ್ರಿ?”

ಟಪಾಲಿನಲ್ಲಿ ಕಳಿಸಿಕೊಡಿ ಎಂದು ಗಂಟನ್ನು ನನ್ನ ಮೇಜಿನ ಮೇಲಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಅಕ್ಕಿ, ಕೊಬ್ಬರಿ ಅಷ್ಟು ದೂರ ಹೋಗಲಾರವು, ಅಂಚೆಯವರು ಬಿಡುವುದಿಲ್ಲ. ಖಣ ಹೋಗುತ್ತದೆ. ಅದರ ಜೊತೆ ಒಂದು ಪತ್ರ ಇಡಬೇಕು. ನಾಲ್ಕು ದಿನದಿಂದ ಬರೆದು ಹರಿದುಹಾಕುತ್ತಿದ್ದೇನೆ. ನಿಮ್ಮವರು ಇದ್ದಾರೆ ಎಂದು ಬರೆದರೆ, ಅವತ್ತು ಇಲ್ಲವೆಂದದ್ದೇಕೆ ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ. ಪಾಟೀಲರ ಮೇಲೆ ಹಾಕಬಹುದು, ಪದ್ಧತಿಯ ಮೇಲೆ ಹಾಕಬಹುದು. ಇಂಗ್ಲಿಷಿನಲ್ಲಿ ಅದಕ್ಕೆ ಬೇಕಾದಷ್ಟು ಒಳ್ಳೆಯ ಶಬ್ದಗಳಿವೆ.

ತಟ್ಟೆ ಒಳಗೊಯ್ದವರು ಪಾಟೀಲರ ಮನೆಯವರು, ಸರಿ. ಕೇರಿಯ ಮುಂದೆ ಜೀಪು ನಿಲ್ಲಿಸದವರು ಯಾರು ಎಂದು ವೆರೋನಿಕಾ ಕೇಳಿದರೆ, ಯಾರ ಹೆಸರು ಬರೆಯಲಿ?