ಹತ್ತು ‘ಇಲ್ಲ’ಗಳ ಹಂದಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಸರ್ಕಾರಿ ರಜೆಯ ದಿನ ಕ್ಲಾಸಿಗೆ ಹೋಗಿ ಬಂದವನು. ಹೋಗಿ ಬಂದದ್ದಷ್ಟೇ ಅಲ್ಲ, ಆ ದಿನ ಪ್ರೊಫೆಸರು ಹೇಗೆ ಕೆಮ್ಮಿದರು, ಹೇಗೆ ಗದರಿದರು ಎಂದು ಊಟದ ಮೇಜಿನ ಮುಂದೆ ನಿಂತು ನಟಿಸಿ ತೋರಿಸಿದವನು. ಜರ್ಮನಿಯ ಈ ಇಡೀ ಬಾನ್ ಊರು ಬೀಗ ಹಾಕಿಕೊಂಡು ಕೂತಿದ್ದ ದಿನ ಅದು. ಜಗತ್ತಿನಲ್ಲಿ ದಡ್ಡರಿಗೇನೂ ಬರವಿಲ್ಲ. ಆದರೆ ತನ್ನ ದಡ್ಡತನಕ್ಕೆ ತಾನೇ ಧ್ವನಿ ಬದಲಾಯಿಸಿ, ಹುಬ್ಬು ಹಾರಿಸಿ, ಪ್ರದರ್ಶನ ಕೊಟ್ಟವನು ನಾನೊಬ್ಬನೇ ಇರಬೇಕು.

ಇದೆಲ್ಲ ಮತ್ತೆ ತಲೆಗೆ ಬಂದದ್ದು ಕಳೆದ ಶನಿವಾರ, ರೈನ್ ನದಿಯ ದಂಡೆಯ ಫ್ಲೋಮಾರ್ಕ್ಟಿನಲ್ಲಿ. ಹಳೆಯ ಸಾಮಾನಿನ ಆ ಸಂತೆಯಲ್ಲಿ, ಜೋಡಿ ತಪ್ಪಿದ ಕಾಫಿ ಲೋಟಗಳ ನಡುವೆ ಒಂದು ಪಿಂಗಾಣಿ ಹಂದಿ ಕೂತಿತ್ತು. ತಿಳಿನೀಲಿ ಬಣ್ಣ, ಬೆನ್ನ ಮೇಲೆ ನಾಣ್ಯ ಹಾಕುವ ಸೀಳು. ಎತ್ತಿಕೊಂಡವನೇ ಮೊದಲು ಅದರ ಎಡಗಿವಿ ಮುಟ್ಟಿ ನೋಡಿದೆ...

ಅಂಥದೇ ಒಂದು ಹಂದಿ ನಾನು ಬಾಡಿಗೆಗಿದ್ದ ಮನೆಯ ಆಂಟಿಯ ಟೀವಿಯ ಪಕ್ಕದಲ್ಲಿತ್ತು. ನಮ್ಮ ಬಂಧು ಅಲ್ಲ. ಮೈಸೂರಿನವರು, ನಲವತ್ತು ವರ್ಷಕ್ಕೂ ಹಿಂದೆ ಇಲ್ಲಿಗೆ ಬಂದವರು, ವಿಜ್ಞಾನಿಯಾಗಿದ್ದ ಗಂಡ ತೀರಿಕೊಂಡ ಮೇಲೆ ಮೂರನೇ ಮಹಡಿಯ ಆ ಮನೆಯಲ್ಲಿ ಒಬ್ಬರೇ ಇದ್ದವರು. ಒಂದು ರೂಮನ್ನು ನನಗೆ ಕೊಟ್ಟಿದ್ದರು. ನಾನು ಮಾಸ್ಟರ್ಸ್ ಓದಲು ಬಂದಿದ್ದ ಹುಡುಗ. ಓದಿಗಿಂತ ಅಣಕದಲ್ಲಿ ಚುರುಕು. ಕೆಳಗಿನ ಬೇಕರಿಯವಳ ಮೂಗಿನ ರಾಗ, ಟ್ರಾಮಿನಲ್ಲಿ ನಿಲ್ದಾಣ ಕೂಗುವ ಧ್ವನಿ, ಕಟ್ಟಡ ನೋಡಿಕೊಳ್ಳುತ್ತ ಕಸದ ಡಬ್ಬಿ ತೆರೆದು ತೆರೆದು ನೋಡುವ ಹೌಸ್‌ಮೈಸ್ಟರನ ಉಸಿರಾಟ, ಎಲ್ಲ ಸೈ. ನನ್ನದೇ ಅಣಕವನ್ನೂ ಮಾಡುತ್ತಿದ್ದೆ: ಆರಡಿ ಉದ್ದದ ಒಣಕಲು ಆಸಾಮಿ ಜರ್ಮನ್ ಮಾತಾಡಲು ಬಾಯಿ ತೆರೆದು, ಕ್ರಿಯಾಪದ ಬರುವ ಹೊತ್ತಿಗೆ ಬಸ್ಸು ಹೋಗಿರುವುದನ್ನು ನೋಡುವ ದೃಶ್ಯ. ಆಂಟಿ ಕಣ್ಣು ಒರೆಸಿಕೊಂಡು ನಗುತ್ತಿದ್ದರು.

ಆ ಹಂದಿ ಅಲ್ಲಿಗೆ ಬಂದದ್ದು ಒಂದು ಹಳೆಯ ಟೀವಿ ಆಟದ ದೆಸೆಯಿಂದ. ಅಮೆರಿಕದಲ್ಲಿ ಹುಟ್ಟಿ, ಇಲ್ಲಿಗೆ ಬಂದು, ಕಪ್ಪುಬಿಳುಪಿನಲ್ಲಿ ಶುರುವಾಗಿ, ಬಣ್ಣ ಕಂಡು, ನಡೆಸುವಾತ ತೀರಿಕೊಂಡಾಗ ಅವನೊಂದಿಗೇ ನಿಂತುಹೋದ ಆಟ. ಯಾರೋ ಒಬ್ಬ ಸಾಮಾನ್ಯ ಮನುಷ್ಯ ಬಂದು ಕೂರುತ್ತಾನೆ. ತನ್ನ ಕಸುಬಿನ ಒಂದು ಕೈಚಲನೆ ಮಾಡಿ ತೋರಿಸುತ್ತಾನೆ, ಅಷ್ಟೇ. ಎದುರಿಗಿರುವ ನಾಲ್ವರು ಅವನ ಕೆಲಸವೇನೆಂದು ಊಹಿಸಬೇಕು. ಕೇಳಿದ ಪ್ರಶ್ನೆಗೆ ಹೌದು ಅಥವಾ ಇಲ್ಲ, ಎರಡೇ ಉತ್ತರ. ಒಂದೊಂದು ‘ಇಲ್ಲ’ಕ್ಕೂ ಅವನು ಆರಿಸಿಕೊಂಡ ಬಣ್ಣದ ಹಂದಿಯೊಳಗೆ ಆಗಿನ ಜರ್ಮನ್ ದುಡ್ಡಿನಲ್ಲಿ ಐದು ಮಾರ್ಕಿನ ಒಂದು ನಾಣ್ಯ. ಹತ್ತು ‘ಇಲ್ಲ’ ಆದರೆ ಅವನು ಗೆದ್ದ. ಪ್ರಸಿದ್ಧರು ಬಂದರೆ ನಾಲ್ವರ ಕಣ್ಣಿಗೂ ಪಟ್ಟಿ.

ಆಂಟಿ ಮದುವೆಯಾಗಿ ಬಂದ ಮೊದಲ ಚಳಿಗಾಲ, ಗಂಡ ಬೆಳಿಗ್ಗೆ ಲ್ಯಾಬಿಗೆ ಹೋದರೆ ಕತ್ತಲಾದ ಮೇಲೆ ಬರುವುದು. ಹೊರಗೆ ಹೋಗಲು ಭಾಷೆ ಇಲ್ಲ, ಕಾಲಿಗೆ ತಕ್ಕ ಬೂಟಿಲ್ಲ. ಆ ಎರಡು ರೂಮಿನೊಳಗೆ ಅವರೊಂದಿಗೆ ಮಾತಾಡುತ್ತಿದ್ದದ್ದು ಟೀವಿಯೊಂದೇ. ಬೇರೆ ಕಾರ್ಯಕ್ರಮಗಳ ಜರ್ಮನ್ ಓಡುತ್ತಿತ್ತಂತೆ, ಇದರದ್ದು ನಡೆಯುತ್ತಿತ್ತಂತೆ. ಹಾಗಾಗಿ ಇದರ ಹಿಂದೆ ಹೋಗಬಹುದಾಗಿತ್ತು. ಒಂದು ದಿನ ಧೈರ್ಯ ಮಾಡಿ ಅಂಗಡಿಗೆ ಹೋಗಿ, ಹೆಸರು ಗೊತ್ತಿಲ್ಲದೆ, ಮಜ್ಜಿಗೆ ಕಡೆಯುವ ಹಾಗೆ ಕೈ ಮಾಡಿ ನಿಂತರಂತೆ. ಅಂಗಡಿಯವಳು ಒಂದೊಂದೇ ಸಾಮಾನು ತೋರಿಸುತ್ತ, ಇವರು ತಲೆಯಾಡಿಸುತ್ತ, ಹತ್ತು ‘ಇಲ್ಲ’ದ ಒಳಗೇ ಮೊಸರು ಕೈಗೆ ಬಂತಂತೆ. ಅಂದಿನಿಂದ ಅವರ ಜರ್ಮನ್ನೇ ಆ ಆಟದ ಜರ್ಮನ್ ಆಯಿತು. ಕನ್ನಡವೂ ಹಾಗೇ: “ನನ್ನ ಊಹೆ ಸರಿ ತಾನೆ, ನೀನು ಇವತ್ತೂ ಸ್ನಾನ ಮಾಡಿಲ್ಲ?”

ಹಳೆಯ ಕ್ಯಾಸೆಟ್ಟುಗಳಲ್ಲಿ ಕೆಲವು ಕಂತು ಉಳಿಸಿಕೊಂಡಿದ್ದರು. ಭಾನುವಾರ ಊಟವಾದ ಮೇಲೆ ಅದನ್ನು ನೋಡುವುದು, ಆಮೇಲೆ ನಾವೇ ಆಡುವುದು. ನಡೆಸುವವನೂ ನಾನೇ, ಊಹಿಸುವ ನಾಲ್ವರೂ ನಾನೇ, ಕ್ಯಾಸೆಟ್ಟಿನಲ್ಲಿ ನಡೆಸುವಾತನ ಪಕ್ಕ ಕೂತಿರುತ್ತಿದ್ದ ನಾಯಿಯೂ ನಾನೇ. ಅತಿಥಿ ಮಾತ್ರ ಆಂಟಿ. ಹಾಗೆ ನಾಯಿಯಾಗಿದ್ದಾಗಲೇ ಮೊಣಕೈ ತಗುಲಿ ಹಂದಿ ಬಿದ್ದು, ಎಡಗಿವಿಯ ತುದಿ ಮುರಿದದ್ದು. ಆಂಟಿ ಬೈಯಲಿಲ್ಲ. “ಇನ್ನು ಇದಕ್ಕೆ ಅರ್ಧ ಕೇಳುತ್ತೆ, ಬಿಡು” ಅಂದರು. ಆ ಆಟಕ್ಕೆ ಅವರದೊಂದೇ ಕಟ್ಟುನಿಟ್ಟು: ಆಟದೊಳಗೆ ಸುಳ್ಳು ಹೇಳುವ ಹಾಗಿಲ್ಲ. ಹೊರಗೆ ಬೇಕಾದರೆ ಹೇಳಿಕೋ.

ಹೊರಗೆ ನಾನು ಹೇಳಿಕೊಂಡೆ.

ಅಕ್ಟೋಬರಿನಲ್ಲಿ ಒಂದು ವಿಷಯದಲ್ಲಿ ಮೂರನೇ ಸಲವೂ ಫೇಲಾದೆ. ಇಲ್ಲಿ ಮೂರನೆಯದೇ ಕೊನೆಯದು. ಹಳದಿ ಲಕೋಟೆ ಬಂತು. ಈ ದೇಶದಲ್ಲಿ ಹಳದಿ ಲಕೋಟೆಯಲ್ಲಿ ಯಾರೂ ಹಬ್ಬದ ಶುಭಾಶಯ ಕಳಿಸುವುದಿಲ್ಲ. ಅಂಚೆಯವನಿಂದ ಇಸಿದುಕೊಂಡು ಬಂದು ನನ್ನ ಮೇಜಿನ ಮೇಲಿಟ್ಟವರು ಆಂಟಿಯೇ. ಒಳಗೆ ಏನಿತ್ತೆಂದರೆ: ನಾನು ಇನ್ನು ವಿದ್ಯಾರ್ಥಿ ಅಲ್ಲ. ನನ್ನ ವೀಸಾ ಇದ್ದದ್ದು ವಿದ್ಯಾರ್ಥಿ ಎಂಬ ಒಂದೇ ಮೊಳೆಗೆ ನೇತುಹಾಕಿಕೊಂಡು. ಆಫೀಸಿಗೆ ತಿಳಿಸಿದರೆ ದೇಶ ಬಿಡಬೇಕಾದೀತು, ತಿಳಿಸದಿದ್ದರೆ ಕಳ್ಳನಾಗುತ್ತೇನೆ. ಊರಿನಲ್ಲಿ ಅಪ್ಪ ನನ್ನ ಕಾನ್ವೊಕೇಶನ್ನಿಗೆ ಬರಲು ಪಾಸ್‌ಪೋರ್ಟ್ ಮಾಡಿಸಿಕೊಂಡು ಕೂತಿದ್ದರು. ಎತ್ತ ತಿರುಗಿದರೂ ಗೋಡೆ. ಹಾಗಾಗಿ ತಿರುಗದೆ, ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡತೊಡಗಿದೆ: ಎಂಟು ಗಂಟೆಗೆ ಬ್ಯಾಗು ಹೆಗಲಿಗೆ, ಲೈಬ್ರರಿಯ ಮೂಲೆ, ಸಂಜೆ ವಾಪಸ್ಸು, ಊಟದ ಹೊತ್ತಿಗೆ ಪ್ರೊಫೆಸರರ ಅಣಕ. ಅಣಕ ದಿನದಿನಕ್ಕೆ ಚೆನ್ನಾಗುತ್ತ ಹೋಯಿತು. ಇಲ್ಲದ ಕ್ಲಾಸುಗಳಲ್ಲಿ ಇಲ್ಲದ ಜಗಳಗಳು, ಇಲ್ಲದ ಜೋಕುಗಳು...

ಗೊತ್ತಿದ್ದವನು ಧಾರವಾಡದ ಗೆಳೆಯನೊಬ್ಬನೇ. “ಲೇ, ಎಷ್ಟ ದಿನಾ ಈ ನಾಟಕಾ? ಆಂಟಿಗರೆ ಹೇಳೋ,” ಅನ್ನುತ್ತಿದ್ದ. “ನಾಳೆ ಹೇಳ್ತೇನಲೇ,” ಅನ್ನುತ್ತಿದ್ದೆ, ಅದನ್ನೂ ಅವನದೇ ಧ್ವನಿಯಲ್ಲಿ.

ದಿನದ ಲೆಕ್ಕ ತಪ್ಪಿತ್ತು. ನವೆಂಬರ್ ಒಂದನೇ ತಾರೀಕು ಎಂದಿನಂತೆ ಬ್ಯಾಗು ಹಾಕಿಕೊಂಡು ಹೊರಟೆ. ಅದು ಆಲರ್‌ಹೈಲಿಗನ್, ಸಂತರ ಹಬ್ಬದ ರಜೆ. ಲೈಬ್ರರಿ ಮುಚ್ಚಿತ್ತು. ಅಂಗಡಿಗಳು ಮುಚ್ಚಿದ್ದವು. ಈಗ ಮನೆಗೆ ಹೋದರೆ ಯಾಕೆ ಹೊರಟೆ ಅನ್ನುತ್ತಾರೆ. ಹೋಗದಿದ್ದರೆ ಚಳಿ. ಸ್ಟೇಷನ್ನಿನ ಬೆಂಚಿನ ಮೇಲೆ, ಒಂದೇ ಲೋಟ ಟೀ ಹಿಡಿದುಕೊಂಡು, ಯಾವ ರೈಲೂ ನನ್ನದಲ್ಲದ ಪ್ಲಾಟ್‌ಫಾರ್ಮಿನಲ್ಲಿ ಐದು ಗಂಟೆಯವರೆಗೆ ಕೂತೆ. ಮನೆಗೆ ಬಂದಾಗ ಕೈ ಮರಗಟ್ಟಿತ್ತು. ಅಲ್ಲಿಗಾದರೂ ಬಾಯಿ ಮುಚ್ಚಿಕೊಳ್ಳಬಹುದಿತ್ತು. ಮುಚ್ಚಿಕೊಳ್ಳಲಿಲ್ಲ. “ಇವತ್ತು ಪ್ರೊಫೆಸರು ಲೇಟಾಗಿ ಬಂದವನಿಗೆ ಹಾಕಿದ್ರು ನೋಡಿ ಆಂಟಿ...” ಎಂದು ಶುರುಮಾಡಿದೆ. ಆಂಟಿ ಕೊನೆಯವರೆಗೂ ಕೇಳಿದರು. ನಗಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಸೌಟು ಬಿಸಿ ಸಾರು ಬಡಿಸಿದರು.

ಆ ಭಾನುವಾರ ಗೆಳೆಯನನ್ನೂ ಊಟಕ್ಕೆ ಕರೆದಿದ್ದರು. ಊಟವಾದ ಮೇಲೆ ಕ್ಯಾಸೆಟ್ ಹಾಕಲಿಲ್ಲ. ಹಂದಿಯನ್ನು ತಂದು ಮೇಜಿನ ನಡುವೆ ಇಟ್ಟರು, ಪಕ್ಕದಲ್ಲಿ ಹತ್ತು ಹಳೆಯ ನಾಣ್ಯ.

“ಇವತ್ತು ನಡೆಸೋದೂ ನಾನೇ, ಕೇಳೋದೂ ನಾನೇ. ನೀನು ಅತಿಥಿ. ಕೈ ಮಾಡು.”

“ಯಾವ ಕೆಲಸದ್ದು ಆಂಟಿ?”

“ನಿನ್ನದೇ.”

ಗೆಳೆಯನ ಚಮಚ ಪಾಯಸದ ಬಟ್ಟಲಿನಲ್ಲೇ ನಿಂತಿತು. ನಾನು ಮೇಜಿನ ಮೇಲೆ ಟೈಪ್ ಮಾಡುವ ಹಾಗೆ ಬೆರಳಾಡಿಸಿದೆ.

“ಸಂಬಳ ಬರೋ ಕೆಲಸಾನಾ?”

“ಇಲ್ಲ,” ಎಂದೆ, ಕ್ಯಾಸೆಟ್ಟಿನ ನಡೆಸುವಾತನ ಗಂಭೀರ ಧ್ವನಿಯಲ್ಲಿ. ಠಣ್.

“ಆ ಧ್ವನಿ ಬೇಡ. ಸುಮ್ಮನೆ ಹೇಳು. ಈ ಕೆಲಸ ಯೂನಿವರ್ಸಿಟಿ ಒಳಗೆ ಮಾಡೋದಾ?”

ಹೌದು ಎಂದರೆ ಆಟದೊಳಗಿನ ಸುಳ್ಳು. ಬಾಗಿಲ ಕಡೆ ನೋಡಿದೆ. ಬಾಗಿಲು ಮೂರು ಹೆಜ್ಜೆಯಲ್ಲಿತ್ತು. ಎದ್ದು ಹೋಗಲು ಮಾತ್ರ ಎಲ್ಲೂ ಜಾಗವಿರಲಿಲ್ಲ.

“ಇಲ್ಲ.” ಠಣ್.

“ಆಲರ್‌ಹೈಲಿಗನ್ ದಿನ ನಿಮ್ಮ ಪ್ರೊಫೆಸರ್ ಕ್ಲಾಸ್ ತಗೊಂಡ್ರಾ?”

ಆಗ ಹೊಳೆಯಿತು, ರಜೆಯ ದಿನದ ಕ್ಲಾಸನ್ನು ಅವರ ಮುಂದೆಯೇ ನಟಿಸಿದ್ದೆನೆಂದು. “ಇಲ್ಲ.”

“ಅಮ್ಮನಿಗೆ ಗೊತ್ತಾ?” “ಇಲ್ಲ.” “ಅಪ್ಪನಿಗೆ?” “ಇಲ್ಲ.” “ವೀಸಾ ಆಫೀಸಿಗೆ ಹೋಗಿದ್ಯಾ?” “ಇಲ್ಲ.” “ಹೋದ್ರೆ ಏನಂತಾರೆ ಅಂತ ಯಾರನ್ನಾದ್ರೂ ಕೇಳಿದ್ಯಾ?” “ಇಲ್ಲ.” “ನಿದ್ದೆ ಬರುತ್ತಾ?” “ಇಲ್ಲ.” “ಹೀಗೇ ಎಷ್ಟು ದಿನ ಅಂತ ಲೆಕ್ಕ ಹಾಕಿದ್ಯಾ?” “ಇಲ್ಲ.”

ಒಂಬತ್ತು. ಹತ್ತನೆಯ ನಾಣ್ಯ ಅವರ ಬೆರಳುಗಳ ನಡುವೆ ಇತ್ತು. ಇನ್ನೊಂದು ‘ಇಲ್ಲ’ ಅಂದಿದ್ದರೆ ನಾನು ಗೆಲ್ಲುತ್ತಿದ್ದೆ.

“ನನ್ನ ಊಹೆ ಸರಿ ತಾನೆ,” ಆಂಟಿ ಕೇಳಿದರು, “ನೀನು ಫೇಲ್ ಆಗಿದ್ದೀಯ, ಹೇಳೋಕೆ ಬಾಯಿ ಬಂದಿಲ್ಲ?”

“ಹೌದು.”

ನಾಣ್ಯವನ್ನು ಮೇಜಿನ ಮೇಲಿಟ್ಟರು. “ಪತ್ತೆಯಾಯ್ತು. ಆಟ ಮುಗೀತು. ಊರಲ್ಲಿ ಈಗ ಸಂಜೆ ಏಳು. ಫೋನ್ ಮಾಡು.”

“ನಾ ಏನೂ ಹೇಳಿಲ್ರೀ ಆಂಟಿ, ದೇವರಾಣಿ!” ಎಂದ ಗೆಳೆಯ.

“ನಿನ್ನ ಮುಖ ಹೇಳ್ತಿತ್ತಪ್ಪ, ತಿಂಗಳಿಂದ,” ಅಂದರು.

ಅಮ್ಮ ಅತ್ತಳು. ಅಪ್ಪ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಫೋನ್ ಮಾಡಿ ಪಾಸ್‌ಪೋರ್ಟಿಗೆ ಹತ್ತು ವರ್ಷ ಆಯುಷ್ಯವಿದೆ, ಅವಸರವಿಲ್ಲ ಎಂದರು. ವೀಸಾ ಆಫೀಸಿನ ಕಾರಿಡಾರಿನಲ್ಲಿ ಆಂಟಿ ಫ್ಲಾಸ್ಕು ಹಿಡಿದು ನನ್ನ ಪಕ್ಕ ಕೂತಿದ್ದರು. ಅಲ್ಲಿಯ ಹೆಂಗಸಿಗೂ ಅವರದು ಅದೇ ವರಸೆ: ಹೀಗೆ ಮಾಡಬಹುದೇ? ಇಲ್ಲ. ಹಾಗಾದರೆ ಹೀಗೆ? ಇಲ್ಲ. ಏಳೆಂಟು ‘ಇಲ್ಲ’ಗಳಾದ ಮೇಲೆ ಒಂದು ‘ಹೌದು’ ಸಿಕ್ಕಿತು. ಓದಿನ ಬದಲು ಕಸುಬು ಕಲಿಯುವ ಆಉಸ್‌ಬಿಲ್ಡುಂಗ್ ಸಿಕ್ಕರೆ ಉಳಿಯಬಹುದು. ಹಾಗೆ ನಾನು ಕಿವಿಯಂತ್ರದ ಅಂಗಡಿ ಸೇರಿದೆ. ಮೊದಲು ಅಚ್ಚು ತೆಗೆದದ್ದು ಆಂಟಿಯ ಕಿವಿಯದು. ಯಂತ್ರ ಮಾತ್ರ ಅವರು ಹಾಕಿಕೊಳ್ಳಲಿಲ್ಲ, ನನಗೇನು ಕಮ್ಮಿ ಕೇಳುತ್ತೆ ಎಂದು ಜಗಳವಾಡಿದರು.

ನಾನು ಅಂಗಡಿ ಸೇರಿದ ಎರಡನೆಯ ಚಳಿಗಾಲದಲ್ಲಿ ಆಂಟಿ ತೀರಿಹೋದರು. ಹ್ಯಾಂಬರ್ಗಿನಲ್ಲಿದ್ದ ಅವರ ಮಗ ಬಂದ. ಮೃದು ಮನುಷ್ಯ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್ನಿನಲ್ಲಿ ಉತ್ತರ ಕೊಟ್ಟ. ಹಂದಿಯ ಬಗ್ಗೆ ವಿಚಾರಿಸುವ ಹೊತ್ತಿಗೆ ಮನೆ ಖಾಲಿ ಮಾಡುವವರ ಲಾರಿ ಹೊರಟುಹೋಗಿತ್ತು. ಕ್ಯಾಸೆಟ್ಟುಗಳೂ ಅದರಲ್ಲೇ... ಆಮೇಲೆ ನಾನು ಯಾವ ಫ್ಲೋಮಾರ್ಕ್ಟಿಗೆ ಹೋದರೂ ಕಣ್ಣು ಹಂದಿಗಳ ಮೇಲೆಯೇ.

ಶನಿವಾರದ ಹಂದಿಯ ಎಡಗಿವಿ ಪೂರ್ತಿಯಾಗಿತ್ತು. ಅವರದಲ್ಲ. ವಾಪಸ್ಸಿಟ್ಟೆ. ಅಂಗಡಿಯವಳು ಏನು ಕೆಲಸ ಮಾಡುತ್ತೀ ಎಂದು ಸುಮ್ಮನೆ ಕೇಳಿದಳು. ನಾನು ಉತ್ತರಿಸದೆ, ಕಿವಿಯ ಹಿಂದೆ ಬೆರಳಿಟ್ಟು ಸಣ್ಣದೇನನ್ನೋ ಕೂರಿಸುವ ಕೈ ಮಾಡಿದೆ. ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗುತ್ತಿದ್ದವರು ಒಬ್ಬರೇ ಇದ್ದರು.

ಆಟದಲ್ಲಿ ನಾನು ಪತ್ತೆಯಾದ ಆ ಭಾನುವಾರ ಸಂಜೆ, ಪಾತ್ರೆ ಒರೆಸುತ್ತ, ಸ್ವಲ್ಪ ಸಿಟ್ಟಿನಲ್ಲೇ ಅವರನ್ನು ಕೇಳಿದ್ದೆ: “ಎಲ್ಲಾ ಗೊತ್ತಿತ್ತಲ್ಲ ಆಂಟಿ, ಆಟ ಗೀಟ ಯಾಕೆ? ನೇರವಾಗಿ ನನ್ನನ್ನೇ ಕೇಳಬಹುದಿತ್ತಲ್ಲ?”

ಆಂಟಿ ನಲ್ಲಿ ನಿಲ್ಲಿಸಿ, ಕೈ ಕೊಡವಿಕೊಂಡು ಹೇಳಿದರು:

“ನಿನ್ನನ್ನ ಕೇಳಿದ್ರೆ ಪ್ರೊಫೆಸರ್ ಉತ್ತರ ಹೇಳ್ತಿದ್ರು ಕಣೋ. ನೀನೆಲ್ಲಿ ಹೇಳ್ತಿದ್ದೆ?”