ಒಳಚಿಲಕದ ಖೋಲಿ ಮತ್ತು ಜಾನಕಿಬಾಯಿಯವರು

ರಾಯಚೂರು ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಗಣಿತವೆಂದರೆ ಬೆತ್ತದ ಇನ್ನೊಂದು ಹೆಸರು ಎಂಬಂತಿದ್ದ ಕಾಲದಲ್ಲಿ, ಬೆತ್ತವನ್ನು ಕೈಯಿಂದ ಮುಟ್ಟದೆ, ಬರಿಯ ಹುಬ್ಬುಗಂಟಿನ ಬಲದಿಂದಲೇ ಎರಡು ತಲೆಮಾರಿನ ಮಕ್ಕಳಿಗೆ ರೇಖಾಗಣಿತವನ್ನು ಕಲಿಸಿದ ಶ್ರೀಮತಿ ಜಾನಕಿಬಾಯಿಯವರ ಸ್ಥಾನ ಎಂಥದ್ದೆಂದು ಈ ಸೀಮೆಯ ಶಿಕ್ಷಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾನ್ವಿಯಲ್ಲಿ ಹುಟ್ಟಿ, ರಾಯಚೂರಿನಲ್ಲಿ ಓದಿ, ದೇವದುರ್ಗದಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದ ಅವರು, ಎದುರಿಗಿದ್ದವರ ಮಾತಿನಲ್ಲಿ ತಪ್ಪು ಹಿಡಿಯುವ ಕೆಲಸದಿಂದ ಮಾತ್ರ ಇಂದಿಗೂ ನಿವೃತ್ತರಾಗಿಲ್ಲ. ‘ಎಲ್ಲರೂ’, ‘ಯಾವಾಗಲೂ’, ‘ಯಾರೂ ಇಲ್ಲ’ ಎಂಬ ಮಾತುಗಳನ್ನು ಅವರ ಮುಂದೆ ಆಡುವವರು ಪುರಾವೆಯನ್ನು ಕಿಸೆಯಲ್ಲಿಟ್ಟುಕೊಂಡೇ ಆಡಬೇಕು.

ಇಂಥವರಿಗೆ ಎಪ್ಪತ್ತೈದು ತುಂಬಿದಾಗ ಶಿಷ್ಯರು ಕೂಡಿ ಅಭಿನಂದನ ಗ್ರಂಥವೊಂದನ್ನು ತರಲು ಹೊರಟರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಗ್ರಂಥದಲ್ಲಿ ‘ಬಂಗಾರದ ಬಾಲ್ಯ’ ಎಂಬ ವಿಭಾಗವನ್ನೂ ಇಟ್ಟರು, ಬಾಯಿಯವರ ತಾಳ್ಮೆ ಕೆಟ್ಟದ್ದು ಅಲ್ಲಿಂದ.

ಸಮಿತಿಯ ಕಾರ್ಯದರ್ಶಿ ಕೊಟ್ರೇಶ ಅವರು ಬಾಯಿಯವರ ದೇವದುರ್ಗದ ಶಿಷ್ಯರು, ಈಗ ಮಾನ್ವಿಯಲ್ಲಿ ಅಕ್ಕಿ ಗಿರಣಿಯ ಮಾಲೀಕರು. ಉದಾರಿಗಳು, ಗುರುಭಕ್ತರು, ಹೇಳಿದ್ದನ್ನು ಕೇಳಿಸಿಕೊಳ್ಳದವರು. ಬಂದ ಲೇಖನಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಅವರು ರಾಯಚೂರಿನ ಬಾಯಿಯವರ ಮನೆಗೆ ಬಂದರು. ಒಬ್ಬರು ಕಂದೀಲಿನ ಬೆಳಕನ್ನು ಹೊಗಳಿದ್ದರು, ಒಬ್ಬರು ಬೀಸುಕಲ್ಲಿನ ನಾದವನ್ನು, ಇನ್ನೊಬ್ಬರು ಊರಿಗೆ ಊರೇ ಒಂದು ಮನೆಯಂತಿದ್ದುದನ್ನು. ಬಾಯಿಯವರು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ಓದಿದರು.

“ಆಗ ಎಷ್ಟ್ ಚಂದ ಇತ್ತಲ್ರೀ ಅಕ್ಕೋರ,” ಎಂದು ಕೊಟ್ರೇಶರು ಕರಗಿಹೋಗಿದ್ದರು. “ದೊಡ್ಡ ಪಡಸಾಲಿ, ಎಲ್ಲಾರೂ ಕೂಡೇ ಕುಂದ್ರೋರು, ಕೂಡೇ ಉಣ್ಣೋರು.”

“ಎಲ್ಲಾರೂ ಅಂದ್ರ ಯಾರ್ಯಾರೋ? ಹೆಸರು ಹೇಳು.”

“ಅಂದ್ರ... ಊರ ಮಂದಿ ರೀ.”

“ಐವತ್ತರ ದಶಕದ ಮಾತು ಇದು. ನೀ ಹುಟ್ಟಿದ್ದು ಯಾವಾಗ?”

ಎಪ್ಪತ್ತರ ದಶಕದಲ್ಲಿ ಹುಟ್ಟಿದ ಕೊಟ್ರೇಶರು ಚೀಲದಿಂದ ಇನ್ನೊಂದು ಲೇಖನವನ್ನು ಹೊರತೆಗೆದರು.

ಬಾಯಿಯವರಿಗೆ ತಮ್ಮ ಬಾಲ್ಯದ ಮೇಲೆ ಮುನಿಸಿದೆಯೆಂದು ಯಾರೂ ತಿಳಿಯಬಾರದು. ಮಾನ್ವಿಯ ಗುಡಿಯಲ್ಲಿ ಪೂಜೆ ಮಾಡುತ್ತಿದ್ದ ಮನೆತನ ಅವರದು. ಸಂಜೆಗೆ ಮುಂಚೆ ಕಂದೀಲಿನ ಗಾಜನ್ನು ಬೂದಿಯಿಂದ ಒರೆಸುವುದು ಅವರ ಪಾಲಿನ ಕೆಲಸ; ಗಾಜು ಒಡೆದರೆ ಬೆನ್ನಿಗೆ ಗುದ್ದು. ಮನೆಯ ಹಿಂದಿನ ಬಾವಿಯ ನೀರು ಸವಳು, ಬೇಳೆ ಬೇಯುತ್ತಿರಲಿಲ್ಲ. ಸಿಹಿನೀರಿಗೆ ಊರಾಚೆ ಹೋಗಬೇಕು, ಹೋಗುತ್ತಿದ್ದವರು ಹೆಣ್ಣುಮಕ್ಕಳು, ಕುಡಿದು ರುಚಿ ಹೇಳುತ್ತಿದ್ದವರು ಗಂಡಸರು. ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದ ಸುಖವನ್ನೂ, ಕಚೇರಿಯ ಮುಂದೆ ನಿಂತು ರೇಡಿಯೊ ಕೇಳಿದ ಬೆರಗನ್ನೂ ಅವರು ಅಲ್ಲಗಳೆಯುವುದಿಲ್ಲ. ಆದರೆ ಆ ದಿನಗಳನ್ನು ಯಾರಾದರೂ ಬಂಗಾರವೆಂದರೆ ಅವರ ಹುಬ್ಬು ಗಂಟಿಕ್ಕುತ್ತದೆ, ಏಕೆಂದರೆ ಅವರಿಗೆ ಸೂಗಮ್ಮ ನೆನಪಾಗುತ್ತಾಳೆ.

ಸೂಗಮ್ಮ ತುಂಗಭದ್ರೆಯ ದಂಡೆಯ ಚೀಕಲಪರ್ವಿಯವಳು, ಬಾಯಿಯವರ ತರಗತಿಯವಳೇ. ಅವಳ ಅಪ್ಪ ಹೊತ್ತು ಮೂಡುವ ಮುಂಚೆ ಬದನೆಕಾಯಿ ಬಂಡಿಯಲ್ಲಿ ಮಗಳನ್ನೂ ಕೂರಿಸಿಕೊಂಡು ಮಾನ್ವಿಗೆ ಬರುತ್ತಿದ್ದರು, ಹೊತ್ತು ಮುಳುಗುವಾಗ ಹಿಂದಿರುಗುತ್ತಿದ್ದರು. ಶಾಲೆ ತೆರೆಯುವ ತನಕವೂ ಬಿಟ್ಟ ಮೇಲೂ ಸೂಗಮ್ಮ ಕೂರುತ್ತಿದ್ದದ್ದು ಬಾಯಿಯವರ ಮನೆಯ ಹೊರಗಟ್ಟೆಯ ಮೇಲೆ. ಒಳಗೆ ಮಡಿ, ಬೇರೆ ಜಾತಿಯ ಹುಡುಗಿಗೆ ಹೊಸ್ತಿಲಿನ ಈಚೆಗೇ ಜಾಗ. ಅಜ್ಜಿ ಮೇಲಿನಿಂದ ಅವಳ ಬೊಗಸೆಗೆ ನೀರು ಹೊಯ್ಯುತ್ತಿದ್ದರು, ಒಮ್ಮೊಮ್ಮೆ ಅವಲಕ್ಕಿ ಕೊಡುತ್ತಿದ್ದರು, ‘ಪಾಪ, ಶಾಣ್ಯಾ ಹುಡುಗಿ’ ಎನ್ನುತ್ತಿದ್ದರು. ನಸುಕಿನಲ್ಲಿ ಎದ್ದುಬಂದ ಹುಡುಗಿ ಕಂಬಕ್ಕೆ ಒರಗಿ, ಪಾಟಿಯನ್ನು ಮಡಿಲಲ್ಲಿಟ್ಟುಕೊಂಡು, ಕೂತಲ್ಲೇ ನಿದ್ದೆ ಮಾಡುತ್ತಿದ್ದಳು. ಬೀದಿಯಲ್ಲಿ ಯಾರು ಹಾದುಹೋದರೂ ಬೆಚ್ಚಿ ಎದ್ದು ಲಂಗ ಕುಪ್ಪಸ ಸರಿಮಾಡಿಕೊಳ್ಳುತ್ತಿದ್ದಳು. ಹನ್ನೆರಡು ಅಂಕಣದ ಪಡಸಾಲೆ ಅವಳ ಬೆನ್ನ ಹಿಂದೆ ಖಾಲಿ ಬಿದ್ದಿರುತ್ತಿತ್ತು.

ಒಂದು ಸಲ ಬಾಯಿಯವರು ಮನೆಯವರ ಕಣ್ಣು ತಪ್ಪಿಸಿ ಅದೇ ಬಂಡಿ ಹತ್ತಿ ಚೀಕಲಪರ್ವಿಗೆ ಹೋಗಿದ್ದರು. ಗೆಳತಿಯರಿಬ್ಬರೂ ಹೊಳೆಯ ಉಸುಕಿನಲ್ಲಿ ಒರತೆ ತೋಡಿ, ನೀರು ತಿಳಿಯಾಗುವ ತನಕ ಕಾದು, ಒಂದೇ ಬೊಗಸೆಯಲ್ಲಿ ಹಂಚಿಕೊಂಡು ಕುಡಿದರು. ಆ ನೀರಿನ ರುಚಿ ಇನ್ನೂ ನಾಲಗೆಯ ಮೇಲಿದೆಯೆಂದು ಬಾಯಿಯವರು ಒಪ್ಪುತ್ತಾರೆ, ಅದನ್ನೂ ಸಿಟ್ಟಿನಿಂದಲೇ ಒಪ್ಪುತ್ತಾರೆ. ಸೂಗಮ್ಮ ಮೈನೆರೆದ ಮೇಲೆ ಶಾಲೆಗೆ ಬರಲಿಲ್ಲ. ಕೇಳಲು ಹೋದ ಮಾಸ್ತರರಿಗೆ ಅವಳ ಅಪ್ಪ ಹೇಳಿದ ಮಾತನ್ನು ಬಾಯಿಯವರು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದರು: “ದೊಡ್ಡಾಕಿ ಆಗ್ಯಾಳ್ರೀ. ಇನ್ನ ಬೀದಿ ಕಟ್ಟೀ ಮ್ಯಾಲ ಕುಂದ್ರಸಾಕ ಬರಂಗಿಲ್ಲ. ಒಳಗ ಜಾಗ ಇದ್ದಿದ್ರ ಬ್ಯಾರೆ ಮಾತಿತ್ತು.”

ರಾಯಚೂರಿನಲ್ಲಿ ತರಬೇತಿ ಮುಗಿಸಿ, ಅಲ್ಲಿಯೇ ಬಹುಕಾಲ ಸಹಶಿಕ್ಷಕಿಯಾಗಿದ್ದು, ಬಾಯಿಯವರು ಬಡ್ತಿಯ ಮೇಲೆ ದೇವದುರ್ಗದ ಪ್ರೌಢಶಾಲೆಗೆ ಬಂದರು. ಬಂದ ಮೊದಲ ಬೆಳಗ್ಗೆಯೇ, ಶಾಲೆಯ ಎದುರಿನ ಮುಚ್ಚಿದ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಜಾಲಹಳ್ಳಿ ಬಸ್ಸಿಗೆ ಬಂದ ಹುಡುಗಿಯರು ಸಾಲಾಗಿ ಕೂತಿದ್ದನ್ನು ಕಂಡರು. ಅವರಿಗೆ ಇದ್ದದ್ದು ಆ ಒಂದೇ ಬಸ್ಸು, ಶಾಲೆಗೆ ಇನ್ನೂ ಬಹಳ ಹೊತ್ತಿತ್ತು. ಒಬ್ಬಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅಂಗಡಿಯ ಬಾಗಿಲಿಗೆ ಒರಗಿ, ಕೂತಲ್ಲೇ ನಿದ್ದೆ ಹೋಗಿದ್ದಳು. ಬಾಯಿಯವರು ರಸ್ತೆಯ ನಡುವೆಯೇ ನಿಂತುಬಿಟ್ಟರು.

ಆ ವಾರವೇ ಶಾಲೆಯ ಉಗ್ರಾಣ ಖಾಲಿಯಾಯಿತು. ಮುರಿದ ಬೆಂಚುಗಳು ಹೊರಗೆ ಬಂದವು. ಜಮಖಾನೆ, ಕುಡಿಯುವ ನೀರಿನ ಕೊಡ, ಗೋಡೆಗೊಂದು ಕನ್ನಡಿ ಒಳಗೆ ಹೋದವು. ಚಿಲಕ ಜಡಿಯಲು ಬಂದ ಬಡಗಿ ಶಂಶುದ್ದೀನ್ ಅವರು ರೂಢಿಯಂತೆ ಬಾಗಿಲಿನ ಹೊರಗೆ ಜಡಿದರು. ಬಾಯಿಯವರು ಕಿತ್ತು ಒಳಗೆ ಹಾಕಲು ಹೇಳಿದರು.

“ಉಗ್ರಾಣಕ್ಕ ಒಳಗ ಚಿಲಕ ಯಾಕ್ರೀ ಅಮ್ಮಾ?” ಎಂದರು ಶಂಶುದ್ದೀನ್. “ಜ್ವಾಳದ ಚೀಲ ಎದ್ದು ಬಂದು ಒಳಗಿಂದ ಹಾಕ್ಕೊಂತಾವೇನು?”

“ಹಾಕ್ಕೊಂತಾವ. ನೀವು ಜಡೀರಿ.”

ಹೆಣ್ಣುಮಕ್ಕಳು ಅದನ್ನು ‘ಅಕ್ಕೋರ ಖೋಲಿ’ ಎಂದು ಕರೆದರು. ತನಿಖೆಗೆ ಬಂದ ಅಧಿಕಾರಿಯೊಬ್ಬರು ಇದು ಯಾವ ನಿಯಮದ ಪ್ರಕಾರವೆಂದು ಕೇಳಿದಾಗ, ನಿದ್ದೆ ಬಂದವರು ಮಲಗಬೇಕೆಂಬ ನಿಯಮದ ಪ್ರಕಾರವೆಂದು ಬಾಯಿಯವರು ಉತ್ತರಿಸಿದರು. ಗಂಡುಮಕ್ಕಳನ್ನೂ ಅವರು ಕೈಬಿಟ್ಟವರಲ್ಲ. ಗಣಿತದಲ್ಲಿ ಬಿದ್ದುಬಿದ್ದು ಏಳುತ್ತಿದ್ದ ಕೊಟ್ರೇಶರಂಥವರನ್ನು ಸಂಜೆ ತಮ್ಮ ಬಾಡಿಗೆ ಮನೆಯ ಪಡಸಾಲೆಗೆ ಕರೆದು, ಯಾವ ಓಣಿಯವರೆಂದು ಕೇಳದೆ ಒಂದೇ ಜಮಖಾನೆಯ ಮೇಲೆ ಕೂರಿಸಿ, ಪಾಠ ಹೇಳಿ, ಊಟ ಹಾಕಿ ಕಳಿಸುತ್ತಿದ್ದರು. ಕೊಟ್ರೇಶರು ನೆನೆದು ಕರಗುವ ಪಡಸಾಲೆ ನಿಜವಾಗಿ ಅದು. ಅದನ್ನೇ ಅವರು ಹಿಂದಕ್ಕೆ ಎಳೆದೊಯ್ದು ಬಾಯಿಯವರ ಬಾಲ್ಯಕ್ಕೆ ಜೋಡಿಸಿಬಿಟ್ಟಿದ್ದರು.

ಈ ಕಥೆಯನ್ನೆಲ್ಲ ಬಾಯಿಯವರು ಅಂದು ರಾಯಚೂರಿನ ಮನೆಯಲ್ಲಿ ಕೊಟ್ರೇಶರಿಗೆ ಹೇಳಿದರು. ಕೊಟ್ರೇಶರು ಕಣ್ಣೊರೆಸಿಕೊಂಡರು. ಒರೆಸಿಕೊಂಡ ಕೈಯಿಂದಲೇ ಒಂದು ನಕ್ಷೆಯನ್ನು ಬಿಚ್ಚಿದರು: ಅಕ್ಕೋರ ಖೋಲಿಯನ್ನು ‘ಜಾನಕಿಬಾಯಿ ನೆನಪಿನ ಮನೆ’ಯಾಗಿ ಮಾಡುವುದು, ಅದರಲ್ಲಿ ಬೀಸುಕಲ್ಲು, ಒರಳು, ಹಿತ್ತಾಳೆ ಕೊಡ, ಹಳೇ ರೇಡಿಯೊ, ಹೈದರಾಬಾದಿನ ಹಳೇ ಸಾಮಾನಿನ ಅಂಗಡಿಯಿಂದ ತರಿಸಿದ ಕಂದೀಲು.

“ಮುಂಜಾನಿ ಬಸ್ಸಿಗೆ ಬಂದ ಹುಡುಗ್ಯಾರು ಎಲ್ಲಿ ಕುಂದ್ರಬೇಕೋ?” ಎಂದು ಬಾಯಿಯವರು ಕೇಳಿದರು.

“ಹೊರಗ ಬೇವಿನ ಗಿಡದ ಕೆಳಗ ಚಂದನೆ ಕಟ್ಟಿ ಕಟ್ಟಸ್ತೀನ್ರೀ. ಗ್ರಾನೈಟು.”

“ಮತ್ತ ಅದ ಕಟ್ಟಿ!” ಬಾಯಿಯವರ ಧ್ವನಿಗೆ ಒಳಗಿದ್ದ ಬೆಕ್ಕು ಹೊರಗೆ ಓಡಿತು. “ಇಷ್ಟೊತ್ತು ಯಾರ ಮುಂದ ಹೇಳಿದ್ನೋ ನಾನು? ಆ ಖೋಲಿ ಮುಟ್ಟಬ್ಯಾಡ.”

“ಆಗಲಿ ರೀ,” ಎಂದರು ಕೊಟ್ರೇಶರು. ನಮ್ಮ ಕಡೆ ಹಿರಿಯರಿಗೆ ಹೇಳುವ ‘ಆಗಲಿ ರೀ’ಗೆ ಎಷ್ಟು ಬೆಲೆಯೆಂದು ಬಾಯಿಯವರಿಗೆ ಗೊತ್ತಿರಬೇಕಿತ್ತು. ನಂಬಿದರು.

ಸಮಾರಂಭ ದೇವದುರ್ಗದ ಶಾಲೆಯ ಆವರಣದಲ್ಲಿಯೇ ನಡೆಯಿತು. ಗ್ರಂಥ ಸಿದ್ಧವಾಗಿರಲಿಲ್ಲ; ಅಭಿನಂದನ ಗ್ರಂಥವೊಂದು ಸಮಯಕ್ಕೆ ಸಿದ್ಧವಾದ ಉದಾಹರಣೆಯನ್ನು ಬಾಯಿಯವರು ಇನ್ನೂ ಹುಡುಕುತ್ತಿದ್ದಾರೆ. ಬಣ್ಣದ ಕಾಗದ ಸುತ್ತಿ ಬಿಡುಗಡೆ ಮಾಡಿದ್ದು ಶಾಲೆಯ ಹಳೇ ಭೂಪಟದ ಪುಸ್ತಕವೆಂಬುದು, ಅವರು ವೇದಿಕೆಯ ಮೇಲೆಯೇ ಬಿಚ್ಚಿ ನೋಡಿದ್ದರಿಂದ, ಸಭೆಗೆಲ್ಲ ತಿಳಿಯಿತು. ಮುಖ್ಯ ಅತಿಥಿಗಳಾದ ನಿವೃತ್ತ ಅಧಿಕಾರಿಗಳು ಬರಬೇಕಾದದ್ದು ಬೆಳಗ್ಗೆ, ಬಂದದ್ದು ಬಿಸಿಲು ನೆತ್ತಿಗೇರಿದ ಮೇಲೆ. ಅಲ್ಲಿಯ ತನಕ ಹೆಣ್ಣುಮಕ್ಕಳು ಆರತಿ ತಟ್ಟೆ ಹಿಡಿದು ಗೇಟಿನಿಂದ ವೇದಿಕೆಯವರೆಗೆ ಸಾಲಾಗಿ ನಿಂತೇ ಇದ್ದರು. ಭಾಷಣಗಳು ಶುರುವಾದಾಗ ಆ ಸಾಲು ಕರಗಿದ್ದನ್ನು ಯಾರೂ ಗಮನಿಸಲಿಲ್ಲ.

ಕೊಟ್ರೇಶರು ಮಾತಾಡುತ್ತ ಉಬ್ಬಿಹೋದರು. “ಅಕ್ಕೋರ ಬಾಲ್ಯ ಅಂದ್ರ ಎಂಥಾ ಕಾಲ ಅದು! ಮಂದಿ ಮ್ಯಾಲ ಮಂದಿಗೆ ಎಷ್ಟ್ ವಿಶ್ವಾಸ! ಆಗ ಯಾರ ಮನಿ ಬಾಗಲಕ್ಕೂ ಚಿಲಕಾನ ಇರಲಿಲ್ರೀ!”

“ಇತ್ತು, ಇತ್ತು,” ಎಂದರು ಬಾಯಿಯವರು. ಮೈಕು ಅವರ ಮುಂದಿರಲಿಲ್ಲ.

ಆಮೇಲೆ ಎಲ್ಲರೂ ಅವರನ್ನು ಶಾಲು, ಹಾರಗಳ ಸಮೇತ ಎಬ್ಬಿಸಿ ಕರೆದೊಯ್ದರು. ತಿರುವಿನಲ್ಲಿ ಅಕ್ಕೋರ ಖೋಲಿ ಕಂಡಿತು. ಬಾಗಿಲಿಗೆ ಅಡ್ಡವಾಗಿ ಕೆಂಪು ರಿಬ್ಬನ್ನು, ಮೇಲೆ ‘ನೆನಪಿನ ಮನೆ’ಯ ಹಲಗೆ. ಹಿಂದಿನ ದಿನವೇ ಟ್ರ್ಯಾಕ್ಟರಿನಲ್ಲಿ ಸಾಮಾನೆಲ್ಲ ಬಂದು ಒಳಗೆ ಸೇರಿತ್ತು. ಬಾಯಿಯವರು ಕನ್ನಡಕ ಏರಿಸಿ ಹಲಗೆಯನ್ನು ಓದಿದರು. ಜೀವಮಾನದಲ್ಲಿ ಅವರು ಸೃಷ್ಟಿಸಿದ್ದು ಒಂದು ಖೋಲಿ. ಅದನ್ನು ಅವರದೇ ಹೆಸರಿನಲ್ಲಿ, ಅವರಿಗೇ ಹಾರ ಹಾಕಿ, ಕಸಿದುಕೊಳ್ಳಲಾಗುತ್ತಿತ್ತು. “ಕೊಟ್ರೇಶಾ,” ಎಂದರು. ಅವರ ಮುಂದಿನ ಮಾತು ಓಲಗದ ಸದ್ದಿನಲ್ಲಿ ಮುಚ್ಚಿಹೋಯಿತು.

ಅತಿಥಿಗಳು ರಿಬ್ಬನ್ನು ಕತ್ತರಿಸಿದರು. ಚಪ್ಪಾಳೆಯಾಯಿತು. ಬಾಗಿಲು ತಳ್ಳಿದರು, ಅದು ತೆರೆಯಲಿಲ್ಲ. ಭುಜ ಕೊಟ್ಟು ತಳ್ಳಿದರು, ಆಗಲೂ ತೆರೆಯಲಿಲ್ಲ. ಓಲಗ ನಿಂತಿತು. ಕೊಟ್ರೇಶರು ಬೆವರೊರೆಸಿಕೊಂಡು ಬಾಗಿಲು ತಟ್ಟಿದರು.

“ಯಾರದೀರಿ ಒಳಗ? ಬಾಗಲಾ ತೆಗೀರಿ, ಸಾಹೇಬ್ರು ಬಂದಾರ.”

ಒಳಗಿನಿಂದ ನಿದ್ದೆಗಣ್ಣಿನ ಒಂದು ಎಳೆಯ ದನಿ, ಒಂದಿಷ್ಟೂ ಅಂಜಿಕೆಯಿಲ್ಲದೆ ಬಂತು: “ಯಾವ ಸಾಹೇಬ್ರಾದ್ರೂ ಆಮ್ಯಾಲ ಬರ್ರಿ. ಇಲ್ಲಿ ಹುಡುಗ್ಯಾರು ಮಲಗ್ಯಾರ.”

ಈಗಿನ ಮುಖ್ಯೋಪಾಧ್ಯಾಯರು ಕೆಂಪಾಗಿ, ಬಾಗಿಲು ಬಡಿಯಲು ಕೈಯೆತ್ತಿದರು. ಬಾಯಿಯವರು ಆ ಕೈಯನ್ನು ಹಿಡಿದುಕೊಂಡರು.

“ಬ್ಯಾಡ್ರಿ. ಸೂಗಮ್ಮ ಮಲಗ್ಯಾಳ, ಎಬ್ಬಸಬ್ಯಾಡ್ರಿ.”

ಸೂಗಮ್ಮ ಯಾವ ತರಗತಿಯವಳೆಂದು ಮುಖ್ಯೋಪಾಧ್ಯಾಯರು ಯೋಚಿಸತೊಡಗಿದರು. ಕೊಟ್ರೇಶರು ಯೋಚಿಸಲಿಲ್ಲ. ಬಾಯಿಯವರು ಹೇಳಿದ್ದೊಂದು ಮಾತು ಅವರಿಗೆ ಆಗ ಮೊದಲ ಸಲ ಕೇಳಿಸಿತು. ಕೆಳಗೆ ಬಿದ್ದಿದ್ದ ರಿಬ್ಬನ್ನನ್ನು ಎತ್ತಿ ಮಡಚಿ ಕಿಸೆಗೆ ಹಾಕಿಕೊಂಡು, “ಊಟಕ್ಕ ನಡೀರಿ ಎಲ್ಲಾರೂ, ಗದ್ದಲ ಮಾಡಬ್ಯಾಡ್ರಿ,” ಎಂದರು. ಬಾಯಿಯವರು ಮಾತ್ರ ಆ ಬಾಗಿಲಿನ ಮುಂದೆ, ಶಾಲನ್ನು ಸೆರಗಿನಂತೆ ಹೊದ್ದು, ಅಳುತ್ತ ನಗುತ್ತ ಇನ್ನಷ್ಟು ಹೊತ್ತು ನಿಂತಿದ್ದರು.

ಟ್ರ್ಯಾಕ್ಟರು ಮರುದಿನ ಮತ್ತೆ ಬಂತು. ಬೀಸುಕಲ್ಲು, ಒರಳು, ಕಂದೀಲು ಎಲ್ಲವೂ ಈಗ ಕೊಟ್ರೇಶರ ಗಿರಣಿಯ ಮೂಲೆಯಲ್ಲಿವೆ. ಖೋಲಿಯಲ್ಲಿ ಅವರೇ ಹಾಕಿಸಿದ ಫ್ಯಾನು ತಿರುಗುತ್ತದೆ.

ಜಾನಕಿಬಾಯಿಯವರು ಇನ್ನೂ ಬಹುಕಾಲ ಆರೋಗ್ಯದಿಂದ ಬಾಳಲಿ. ನಮ್ಮ ಸವಿನೆನಪುಗಳಲ್ಲಿ ತಪ್ಪು ಹಿಡಿಯುವ ಅವರ ಕಣ್ಣು ಮಂಜಾಗದಿರಲಿ. ‘ಎಲ್ಲರೂ’ ಎಂದಾಗ ಯಾರ್ಯಾರೆಂದು ಕೇಳುವ ಅವರ ದನಿ ಈ ಜಿಲ್ಲೆಯ ಪ್ರತಿ ಸಭೆಯಲ್ಲೂ ಕೇಳುತ್ತಿರಲೆಂದು ಶಿಷ್ಯರೆಲ್ಲರ ಪರವಾಗಿ ಹಾರೈಸುತ್ತೇವೆ. ಅಚ್ಚಿಗೆ ಹೋಗುವ ಮುನ್ನ ಈ ಲೇಖನವನ್ನು ಅವರಿಗೆ ಓದಿ ಹೇಳಲಾಯಿತು. ಹೊಗಳಿಕೆ ಹೆಚ್ಚಾಯಿತೆಂದು ಬೈದರು. ಕೊನೆಗೆ ಒಂದು ಮಾತನ್ನು ಸೇರಿಸಲೇಬೇಕೆಂದು ಹಟ ಹಿಡಿದರು:

“ಚಿಲಕ ಸಡ್ಲಾಗ್ಯದ ಅಂತ ಬರೀರಿ. ಕೊಟ್ರೇಶ ಓದ್ತಾನ, ಬಂದು ಬಿಗಿ ಮಾಡಸ್ತಾನ.”